ಸೆವೆನ್ ಐರನ್ ಹಿಡಿದು ನಾಲ್ಕು ಕೋರ್ಸ್ ಅಳೆದಿದ್ದು

ಊಟಿಯಲ್ಲಿ ಚೆಂಡು ಹಾರುತ್ತೆ ಅಂತ ಮೈಸೂರಿನಲ್ಲಿ ಗಾಲ್ಫ್ ಆಡುವ ಎಲ್ಲರೂ ಹೇಳುತ್ತಾರೆ. ಎಷ್ಟು ಹಾರುತ್ತೆ ಅಂತ ಕೇಳಿ ನೋಡಿ. ಒಬ್ಬರು ಹತ್ತು ಗಜ ಅಂದರೆ ಇನ್ನೊಬ್ಬರು ಮೂವತ್ತು ಅನ್ನುತ್ತಾರೆ, ಎರಡನೇ ಲೋಟ ಕಾಫಿ ಮುಗಿಯುವ ಹೊತ್ತಿಗೆ ಐವತ್ತಕ್ಕೆ ಏರಿರುತ್ತದೆ. ಈ ಬೇಸಿಗೆಯಲ್ಲಿ ನಾವು ನಾಲ್ವರು ಬೆಟ್ಟದ ಕೋರ್ಸುಗಳಿಗೆ ಹೊರಟಾಗ ನಾನು ಒಂದು ರೂಲ್ ಹಾಕಿದ ನೋಟ್‌ಬುಕ್ ಚೀಲಕ್ಕೆ ಹಾಕಿಕೊಂಡೆ. ಮೂವತ್ತೆರಡು ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದ ಕೈ, ಸುಮ್ಮನಿರುವುದಿಲ್ಲ.

ನಾಲ್ವರು ಅಂದರೆ ನಾನು, ಒಂಟಿಕೊಪ್ಪಲಿನ ಡಾಕ್ಟ್ರು, ಭೌತಶಾಸ್ತ್ರ ಪಾಠ ಮಾಡಿ ನಿವೃತ್ತರಾದ ಮೇಷ್ಟ್ರು, ಪಾಂಡವಪುರದ ಕಡೆ ಕಬ್ಬು ಬೆಳೆಯುವ ಗೌಡ್ರು. ಹ್ಯಾಂಡಿಕ್ಯಾಪ್ ಅಂದರೆ ಕಚ್ಚಾ ಆಟಗಾರನಿಗೆ ಲೆಕ್ಕದಲ್ಲಿ ಬಿಟ್ಟುಕೊಡುವ ಏಟು; ನಮ್ಮ ಪೈಕಿ ಯಾರದೂ ಹದಿನೆಂಟಕ್ಕಿಂತ ಕೆಳಗಿಲ್ಲ. ನನ್ನದು ಇಪ್ಪತ್ತೊಂದು. ವೃತ್ತಿಪರ ಗಾಲ್ಫ್ ಆಟಗಾರ್ತಿ ಪ್ರಣವಿ ಅರಸ್ ಅವರ ಊರಿನವರು ಅಂತ ಹೇಳಿಕೊಳ್ಳುವ ಹೆಮ್ಮೆ ಒಂದು ಬಿಟ್ಟರೆ ಅವರ ಆಟಕ್ಕೂ ನಮ್ಮ ಆಟಕ್ಕೂ ಸಂಬಂಧವಿಲ್ಲ.

ಕೋರ್ಸ್ ಹೋಲಿಸುವುದಕ್ಕೆ ಸ್ಕೋರ್ ಕೆಲಸಕ್ಕೆ ಬರುವುದಿಲ್ಲ ಅಂತ ನನಗೆ ಮೊದಲಿಂದಲೂ ಅನಿಸಿತ್ತು. ನಮ್ಮಂಥವರ ಸ್ಕೋರು ಕೋರ್ಸಿಗಿಂತ ಹಿಂದಿನ ರಾತ್ರಿಯ ನಿದ್ದೆಯ ಮೇಲೆ ನಿಂತಿರುತ್ತದೆ. ಅದಕ್ಕೆ ಒಂದೇ ಏಟನ್ನು ಎಲ್ಲ ಕಡೆ ಅಳೆಯೋಣ ಅಂತ ತೀರ್ಮಾನ ಮಾಡಿದೆ. ನನ್ನ ಕೈಯಲ್ಲಿ ಸ್ವಲ್ಪ ನಂಬಿಕೆಗೆ ಅರ್ಹವಾದ ಕ್ಲಬ್, ಅಂದರೆ ಚೆಂಡು ಹೊಡೆಯುವ ಕೋಲು, ಸೆವೆನ್ ಐರನ್; ಐರನ್ನಿನ ನಂಬರ್ ಹೆಚ್ಚಿದಷ್ಟೂ ಚೆಂಡು ಹೋಗುವ ದೂರ ಕಡಿಮೆ. ಪ್ರತಿ ಊರಿನಲ್ಲೂ ಆಟಕ್ಕೆ ಮುಂಚೆ, ಚೀಲ ಹೊರುವ ಕ್ಯಾಡಿ ತೋರಿಸಿದ ಮಟ್ಟಸದ ಖಾಲಿ ಜಾಗದಲ್ಲಿ ಹತ್ತು ಚೆಂಡು ಹೊಡೆಯುವುದು. ತೀರಾ ಕೆಟ್ಟ ಎರಡನ್ನು ಬಿಟ್ಟು ಉಳಿದ ಎಂಟರ ಸರಾಸರಿ ತೆಗೆಯುವುದು. ನೆಲಕ್ಕೆ ಬಿದ್ದ ಜಾಗ ಬೇರೆ, ಉರುಳಿ ನಿಂತ ಜಾಗ ಬೇರೆ, ಎರಡನ್ನೂ ಬರೆದುಕೊಳ್ಳುವುದು. ಮೇಷ್ಟ್ರ ಹತ್ತಿರ ಲೇಸರ್ ದೂರಮಾಪಕ ಇತ್ತು. ಚೆಂಡು ಬಿದ್ದ ಕಡೆ ನಿಂತು ಕೈ ಎತ್ತುವ ಕೆಲಸ ಗೌಡ್ರದು. "ಸ್ವಾಮಿ, ಗದ್ದೆ ಅಳಿಯಾಕೆ ಸರ್ವೇರು ಬಂದಾಗ್ಲೂ ಇಷ್ಟು ಓಡಾಡಿಸ್ನಿಲ್ಲ ನನ್ನ" ಅಂತ ಅವರ ಗೊಣಗಾಟ.

ಹೊರಡುವ ಹಿಂದಿನ ದಿನ ನಮ್ಮ ಜಯಚಾಮರಾಜ ಒಡೆಯರ್ ಗಾಲ್ಫ್ ಕ್ಲಬ್ಬಿನಲ್ಲಿ ಮೊದಲ ಅಳತೆ. ಚಾಮುಂಡಿ ಬೆಟ್ಟದ ಬುಡ, ಏಪ್ರಿಲ್ ಪೂರ್ತಿ ಒಂದು ಹನಿ ಬಿದ್ದಿರಲಿಲ್ಲ. ಹುಲ್ಲು ಕತ್ತರಿಸಿದ ಆಟದ ದಾರಿ, ಅಂದರೆ ಫೇರ್‌ವೇ, ಹಪ್ಪಳ. ಚೆಂಡು ಗಾಳಿಯಲ್ಲಿ 124 ಗಜ ಹೋಯಿತು, ನೆಲದ ಮೇಲೆ ಇನ್ನೂ 21 ಗಜ ಓಡಿತು. ಒಟ್ಟು 145. ಇಷ್ಟು ವರ್ಷ ಯಾರು ಕೇಳಿದರೂ "ನನ್ನ ಸೆವೆನ್ ಐರನ್ ನೂರಾ ನಲವತ್ತೈದು" ಅಂತ ಹೇಳಿಕೊಂಡು ಬಂದವನು ನಾನು. ಅದರಲ್ಲಿ ಏಳರಲ್ಲೊಂದು ಪಾಲು ಒಣಗಿದ ನೆಲದ ದಾನ ಅಂತ ಅವತ್ತು ಗೊತ್ತಾಯಿತು. ಆದರೆ ಅದರ ಅರ್ಥ ಪೂರ್ತಿ ತಲೆಗೆ ಹೋಗಿದ್ದು ಊಟಿಯಲ್ಲಿ.

ಪ್ರಯಾಣದ ವಿಷಯ ಬೇಗ ಮುಗಿಸುತ್ತೇನೆ. ಬಂಡೀಪುರದ ರಸ್ತೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಬಂದ್. ಅದಕ್ಕೆ ಐದಕ್ಕೆ ಮೈಸೂರು ಬಿಟ್ಟು ಗುಂಡ್ಲುಪೇಟೆಯಲ್ಲಿ ಇಡ್ಲಿ ತಿಂದು ಹೊರಟರೆ ಸರಿಹೋಗುತ್ತದೆ. ಮದ್ರಾಸ್ ಹೈಕೋರ್ಟಿನ ಆದೇಶದಂತೆ 2024ರ ಮೇ ತಿಂಗಳಿಂದ ನೀಲಗಿರಿಗೆ ಇ-ಪಾಸ್ ಬೇಕು, ಮನೆಯಲ್ಲೇ ತೆಗೆದಿಟ್ಟುಕೊಳ್ಳಿ. ಪ್ಲಾಸ್ಟಿಕ್ ನೀರಿನ ಬಾಟಲಿ ಒಯ್ಯುವ ಹಾಗಿಲ್ಲ. ನಾಲ್ಕು ಗಾಲ್ಫ್ ಚೀಲ, ನಾಲ್ಕು ಬಟ್ಟೆ ಚೀಲ ಇನ್ನೋವಾದಲ್ಲೂ ಹಿಡಿಸುವುದಿಲ್ಲ, ಹಿಂದಿನ ಸೀಟು ಮಡಚಲೇಬೇಕು. ಆಮೇಲೆ ಒಬ್ಬೊಬ್ಬರೂ ಒಂಬತ್ತೇ ಕ್ಲಬ್ ಒಯ್ದೆವು. ನಿಯಮ ಹದಿನಾಲ್ಕರ ತನಕ ಬಿಡುತ್ತದೆ ನಿಜ, ನಮ್ಮ ಮಟ್ಟದ ಆಟಕ್ಕೆ ಉಳಿದ ಐದು ಬರೀ ಭಾರ. ಬೆಟ್ಟದ ಕೋರ್ಸಿನಲ್ಲಿ ಆ ಭಾರ ಹೊರುವ ಕ್ಯಾಡಿಯ ಹೆಗಲನ್ನೂ ನೆನೆಯಬೇಕು.

ಊಟಿ ಜಿಮ್‌ಖಾನಾದ ಕೋರ್ಸು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬ್ರಿಟಿಷರು ಮಾಡಿಕೊಂಡದ್ದು. ಮರ ಕಡಿದು, ಮಣ್ಣು ಗುಡ್ಡೆ ಹಾಕಿ ಮಾಡಿದ ಹಾಗೆ ಕಾಣುವುದೇ ಇಲ್ಲ. ಗುಡ್ಡ ಇದ್ದ ಹಾಗೇ ಬಿಟ್ಟು ಅಲ್ಲಲ್ಲಿ ಬಾವುಟ ನೆಟ್ಟಂತಿದೆ. ನನ್ನ ಚೀಲ ಹಿಡಿದವರು ಐವತ್ತು ದಾಟಿದವರು, ನೀಲಗಿರಿಯ ಬಡಗ ಸಮುದಾಯದವರು. ಗೌಡ್ರು ತಮಿಳು ಬಾರದೆ ಒದ್ದಾಡುತ್ತಿದ್ದವರು, ಆ ಯಜಮಾನರು ಇನ್ನೊಬ್ಬ ಕ್ಯಾಡಿಯ ಜೊತೆ ಬಡಗ ಮಾತಾಡಿದ್ದು ಕೇಳಿ ಕಿವಿ ನಿಮಿರಿಸಿದರು. "ಇದು ನಮ್ ಮಾತೇ ಅಲ್ವಾ ಅಣ್ಣಾ?" ಅಂತ ಶುರು ಮಾಡಿದವರು, ನಾಲ್ಕನೇ ಹೋಲಿನ ಹೊತ್ತಿಗೆ ಅಲ್ಲಿನ ಆಲೂಗಡ್ಡೆ ರೇಟು, ಕ್ಯಾರೆಟ್ ರೇಟು ಎಲ್ಲ ತಿಳಿದುಕೊಂಡಿದ್ದರು.

ಅಳತೆಗೆ ಬರುತ್ತೇನೆ. ಮೇಷ್ಟ್ರು ಹಿಂದಿನ ರಾತ್ರಿಯೇ ಲೆಕ್ಕ ಹೇಳಿದ್ದರು: ಸಾವಿರ ಅಡಿ ಮೇಲೆ ಹೋದರೆ ಚೆಂಡಿನ ದೂರ ಸುಮಾರು ನೂರಕ್ಕೆ ಒಂದು ಪಾಲು ಹೆಚ್ಚು. ಮೈಸೂರು 2,500 ಅಡಿ, ಊಟಿ 7,300 ಅಡಿ ಎತ್ತರ. ಅಂದರೆ ನೂರಕ್ಕೆ ಐದು. ನನ್ನ 124 ಗಜಕ್ಕೆ ಆರು ಗಜ ಕೂಡಿಸಿಕೋ, ಅಷ್ಟೇ. ಡಾಕ್ಟ್ರು ನಕ್ಕರು. ಬೆಳಿಗ್ಗೆ ಹೊಡೆದು ನೋಡಿದರೆ ಸರಾಸರಿ 131! ಮೇಷ್ಟ್ರ ಮುಖದಲ್ಲಿ ಪಬ್ಲಿಕ್ ಪರೀಕ್ಷೆಯಲ್ಲಿ ತನ್ನ ಹುಡುಗ ರ್‍ಯಾಂಕ್ ಬಂದಾಗಿನ ಕಳೆ. ಕಾರಣ ಗಾಳಿ ತೆಳುವಾಗಿರುವುದು. ಚೆಂಡನ್ನು ಹಿಂದಕ್ಕೆ ಹಿಡಿಯುವ ಶಕ್ತಿ ಕಡಿಮೆ. ಅದೇ ತೆಳು ಗಾಳಿ ಚೆಂಡನ್ನು ಪಕ್ಕಕ್ಕೆ ಎಳೆಯುವುದೂ ಕಡಿಮೆ ಅಂತ ಮೇಷ್ಟ್ರು ಹೇಳಿದರು. ಚೆಂಡು ಬಲಕ್ಕೆ ಬಾಗುವ ಡಾಕ್ಟ್ರ ಹುಟ್ಟುಗುಣದ ಸ್ಲೈಸು ಅಲ್ಲಿ ಸ್ವಲ್ಪ ಸಭ್ಯವಾಗಿತ್ತು, ಅದನ್ನು ಅವರು ತಮ್ಮ ಸುಧಾರಣೆ ಅಂತಲೇ ತಿಳಿದುಕೊಂಡರು.

ಆದರೆ ಓಟ? ನಾಲ್ಕು ಗಜ. ರಾತ್ರಿ ಮಳೆ ಬಿದ್ದಿತ್ತು, ದಟ್ಟ ಹುಲ್ಲು, ಚೆಂಡು ಬಿದ್ದಲ್ಲೇ ಕೂತಿತು. ಒಟ್ಟು 135. ಮೈಸೂರಿಗಿಂತ ಹತ್ತು ಗಜ ಕಡಿಮೆ! ಚೆಂಡು ಹಾರುವ ಊರಿನಲ್ಲಿ ನಾನು ಇಡೀ ದಿನ ಗ್ರೀನಿಗೆ, ಅಂದರೆ ಕುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, ಮುಂಚೆಯೇ ಬೀಳುತ್ತಿದ್ದೆ. ಮೊದಲ ಒಂಬತ್ತು ಹೋಲಿನಲ್ಲಿ ಆರು ಸಲ ಹಾಗಾಯಿತು. ಊಟಿ ಅಂತ ಒಂದು ಹಂತ ಕಡಿಮೆ ದೂರದ ಕ್ಲಬ್ ತೆಗೆದುಕೊಂಡು ಹೊಡೆದಿದ್ದು ನನ್ನದೇ ಬುದ್ಧಿ. ಕ್ಯಾಡಿ ಪ್ರತಿ ಸಲ ಸಿಕ್ಸ್ ಐರನ್ ಕೈಗೆ ಕೊಡುವುದು, ನಾನು ಎಂಟನೇ ನಂಬರ್ ಕೇಳುವುದು. ಕೊನೆಗೆ ಅವರು ಕೊಡುವುದನ್ನು ನಿಲ್ಲಿಸಿ ಚೀಲವನ್ನೇ ನನ್ನ ಮುಂದೆ ಹಿಡಿದರು.

ಇನ್ನೊಂದು ಪೆಟ್ಟು ಗ್ರೀನಿನ ಹತ್ತಿರದ ಚಿಕ್ಕ ಏಟಿನಲ್ಲಿ, ಅದಕ್ಕೆ ಚಿಪ್ ಅನ್ನುತ್ತಾರೆ. ಮೈಸೂರಿನಲ್ಲಿ ಗ್ರೀನಿನ ಹತ್ತಿರ ಬಂದರೆ ನಾನು ಚೆಂಡನ್ನು ಎತ್ತಿ ಹಾಕುವ ಕ್ಲಬ್ಬಾದ ವೆಡ್ಜ್ ಮುಟ್ಟುವವನಲ್ಲ. ಎಂಟನೇ ಐರನ್ನಿನಲ್ಲಿ ಮೆಲ್ಲಗೆ ತಳ್ಳಿದರೆ ಗೋಲಿ ಉರುಳಿದ ಹಾಗೆ ಹೋಗಿ ನಿಲ್ಲುತ್ತದೆ. ಇಲ್ಲಿ ಗ್ರೀನಿನ ಅಂಚಿನ ಕಿಕುಯು ಹುಲ್ಲು ಚೆಂಡಿನ ಕಾಲು ಹಿಡಿದ ಹಾಗೆ ಹಿಡಿದು ನಿಲ್ಲಿಸಿತು. ಎತ್ತಿ ಹಾಕಲೇಬೇಕು. ಎತ್ತಿ ಹಾಕುವ ಏಟು ನನ್ನ ಹತ್ತಿರ ಇರಲೇ ಇಲ್ಲ ಅನ್ನುವುದು ಇಪ್ಪತ್ತು ವರ್ಷದ ಮೇಲೆ ಗೊತ್ತಾಯಿತು. ಮನೆಯ ನೆಲ ಅದನ್ನು ಯಾವತ್ತೂ ಕೇಳಿರಲಿಲ್ಲ. ಎರಡನೇ ದಿನ ಬೆಳಿಗ್ಗೆ ಆಟ ಬಿಟ್ಟು ಒಂದು ಗಂಟೆ ಬರೀ ವೆಡ್ಜ್ ಹೊಡೆದೆ. ಚೆಂಡು ಎಡಗಾಲಿನ ಕಡೆ ಸ್ವಲ್ಪ ಮುಂದೆ, ಮಣಿಕಟ್ಟು ಸಡಿಲ, ಕ್ಲಬ್ಬಿನ ತಳ ಹುಲ್ಲನ್ನು ಸವರಿಕೊಂಡು ಹೋಗಬೇಕು. ಕ್ಯಾಡಿ ಯಜಮಾನರು ಕೂತು ನೋಡಿ ಎರಡೇ ಸಲ ತಲೆ ಅಲ್ಲಾಡಿಸಿದರು.

ಇಳಿಜಾರಿನ ಪಾಠ ಎಲ್ಲರಿಗೂ ಗೊತ್ತಿರುವುದೇ. ಚೆಂಡು ಪಾದಕ್ಕಿಂತ ಮೇಲಿದ್ದರೆ ಎಡಕ್ಕೆ ಹೋಗುತ್ತದೆ, ಕೆಳಗಿದ್ದರೆ ಬಲಕ್ಕೆ. ಗೊತ್ತಿದ್ದೂ ಹನ್ನೊಂದು ಚೆಂಡು ಕಳೆದೆ. ಹಳದಿ ಹೂ ಬಿಡುವ ಗಾರ್ಸ್ ಪೊದೆ ಅಲ್ಲಿ ಎಲ್ಲ ಕಡೆ, ನಮ್ಮ ಲಂಟಾನಕ್ಕೆ ಸೂಜಿ ಚುಚ್ಚಿದ ಹಾಗೆ. ಒಳಗೆ ಕೈ ಹಾಕುವ ಮಾತೇ ಇಲ್ಲ. 2019ರಿಂದ ಚೆಂಡು ಹುಡುಕಲು ಮೂರೇ ನಿಮಿಷ, ಮೊದಲು ಐದಿತ್ತು. ಗೌಡ್ರು ಮಾತ್ರ ಇನ್ನೂ ಐದರಲ್ಲೇ ಇದ್ದಾರೆ.

ವೆಲ್ಲಿಂಗ್ಟನ್ ಮಿಲಿಟರಿಯವರ ಊರು, ಮದ್ರಾಸ್ ರೆಜಿಮೆಂಟಿನ ಕೇಂದ್ರ ಅಲ್ಲೇ. ಡಾಕ್ಟ್ರ ಪರಿಚಯದವರೊಬ್ಬರ ಅತಿಥಿಗಳಾಗಿ ಹೋದೆವು. ಊಟಿಗಿಂತ ತಗ್ಗು, ಚಳಿ ಕಡಿಮೆ. 128 ಗಜ ಹಾರಾಟ, ಆರು ಗಜ ಓಟ. ಆಟಕ್ಕಿಂತ ನೆನಪಿರುವುದು ಕಾಟಿ, ಅಂದರೆ ಕಾಡೆಮ್ಮೆ. ಫೇರ್‌ವೇ ಪಕ್ಕದ ಪೊದೆ ಹತ್ತಿರ ಒಂದು ಒಂಟಿ ಕಾಟಿ ಮೆಲುಕು ಹಾಕುತ್ತಾ ನಿಂತಿತ್ತು. ಗೌಡ್ರ ಚೆಂಡು ಅದೇ ಪೊದೆಯೊಳಗೆ. ನಿಯಮ 16.2ರ ಪ್ರಕಾರ ಅಪಾಯದ ಪ್ರಾಣಿ ಹತ್ತಿರವಿದ್ದರೆ ದಂಡವಿಲ್ಲದೆ ಬೇರೆ ಕಡೆ ಡ್ರಾಪ್ ಮಾಡಬಹುದು, ಅಂದರೆ ಚೆಂಡನ್ನು ಕೈಯಿಂದ ಬೀಳಿಸಿ ಆಡಬಹುದು. ಗೌಡ್ರಿಗೆ ಖುಷಿಯೋ ಖುಷಿ. ಮೇಷ್ಟ್ರು ಅಡ್ಡ ಬಂದರು: ಪ್ರಾಣಿ ಇಲ್ಲದಿದ್ದರೂ ಆ ಪೊದೆಯೊಳಗಿಂದ ಹೊಡೆಯಲು ಆಗುತ್ತಿರಲಿಲ್ಲ, ಹಾಗಿದ್ದಾಗ ಪುಕ್ಕಟೆ ಡ್ರಾಪ್ ಇಲ್ಲ. "ಅದ್ನೇ ಆ ಕಾಟಿಗೆ ಹೇಳ್ಬುಟ್ಟು ಬನ್ನಿ ಮೇಷ್ಟ್ರೇ" ಅಂದರು ಗೌಡ್ರು. ಇಪ್ಪತ್ತು ನಿಮಿಷ ಕಾದೆವು. ದಂಡದ ಒಂದು ಏಟು ಗೌಡ್ರ ಲೆಕ್ಕಕ್ಕೆ ಬಿತ್ತು, ಮಾತು ಬಿಟ್ಟಿದ್ದು ಕಾಫಿ ತನಕ.

ಪಂದ್ಯವನ್ನು ಸ್ಟೇಬಲ್‌ಫರ್ಡ್ ಲೆಕ್ಕದಲ್ಲಿ ಆಡಿದೆವು. ಹ್ಯಾಂಡಿಕ್ಯಾಪ್ ಕಳೆದ ಮೇಲೆ ಪಾರ್ ಮಾಡಿದರೆ, ಅಂದರೆ ಆ ಹೋಲಿಗೆ ಗೊತ್ತು ಮಾಡಿದಷ್ಟೇ ಏಟಿನಲ್ಲಿ ಮುಗಿಸಿದರೆ, ಎರಡು ಅಂಕ, ಒಂದು ಏಟು ಹೆಚ್ಚಾದರೆ ಒಂದು, ಅದಕ್ಕೂ ಮೇಲೆ ಹೋದರೆ ಸೊನ್ನೆ, ಚೆಂಡು ಎತ್ತಿಕೊಂಡು ನಡೆ. ಬೆಟ್ಟ ಹತ್ತುವ ವಯಸ್ಸಾದವರಿಗೆ ಇದಕ್ಕಿಂತ ದಯೆಯ ಲೆಕ್ಕವಿಲ್ಲ. ಇದನ್ನು ಕಂಡುಹಿಡಿದ ಫ್ರಾಂಕ್ ಸ್ಟೇಬಲ್‌ಫರ್ಡ್ ಕೂಡ ಡಾಕ್ಟರ್ ಅಂತ ನಮ್ಮ ಡಾಕ್ಟ್ರು ಪ್ರತಿ ಊರಿನಲ್ಲೂ ಒಂದು ಸಲ ನೆನಪಿಸಿದರು.

ವಾಪಸ್ ಬಂದು ಎರಡು ದಿನ ಮೊಣಕಾಲಿಗೆ ಎಣ್ಣೆ ಹಚ್ಚಿಕೊಂಡು, ಹುಣಸೂರು, ಗೋಣಿಕೊಪ್ಪ ದಾರಿಯಲ್ಲಿ ಕೊಡಗಿನ ಬಿಟ್ಟಂಗಾಲಕ್ಕೆ ಹೋದೆವು. ಪಾಲಿಬೆಟ್ಟದ ಒಂಬತ್ತು ಹೋಲಿನದನ್ನು ಈ ಸಲ ಬಿಟ್ಟೆವು, ಸಮಯವಿರಲಿಲ್ಲ. ಬಿಟ್ಟಂಗಾಲದಲ್ಲಿ ಸುತ್ತ ಕಾಫಿ ತೋಟ. ಎತ್ತರ ಮೈಸೂರಿಗಿಂತ ಸ್ವಲ್ಪವೇ ಹೆಚ್ಚು. ಹಾರಾಟ 124, ಮೈಸೂರಿನಷ್ಟೇ. ಓಟ ಒಂಬತ್ತು. ಊಟಿಯಲ್ಲಿ ಕಲಿತ ವೆಡ್ಜ್ ಇಲ್ಲಿ ಮೂರು ಸಲ ಕೈಹಿಡಿಯಿತು. ಒಂದು ಸಲ ಬಾವುಟದ ಬುಡಕ್ಕೇ ಬಿತ್ತು, ಡಾಕ್ಟ್ರು ಅದೃಷ್ಟ ಅಂದರು. ಮಧ್ಯಾಹ್ನ ಗುಡುಗು ಶುರುವಾಗಿ ಹದಿಮೂರನೇ ಹೋಲಿಗೇ ನಿಲ್ಲಿಸಿದೆವು. ಊಟಕ್ಕೆ ಕಡಂಬುಟ್ಟು, ಕೊಡಗಿನ ಅಕ್ಕಿ ತರಿಯ ಉಂಡೆ ಕಡುಬು. ಮೇಷ್ಟ್ರು ಅದನ್ನು ಕೈಯಲ್ಲಿ ಉರುಳಿಸಿ ನೋಡಿ, ಗಾಲ್ಫ್ ಚೆಂಡಿಗಿಂತ ಎಷ್ಟು ದಪ್ಪ ಅಂತ ಕಣ್ಣಳತೆ ಮಾಡಿದರು. ಗಾಲ್ಫ್ ಚೆಂಡಿಗೆ ಕನಿಷ್ಠ 42.67 ಮಿಲಿಮೀಟರ್ ವ್ಯಾಸವಂತೆ. ಇಂಥವರ ಜೊತೆ ಪ್ರವಾಸ ಹೋಗಬೇಕು.

ಯಾವ ಕೋರ್ಸ್ ಮೇಲು ಅಂತ ಕೇಳಿದರೆ ಡಾಕ್ಟ್ರದು ವೆಲ್ಲಿಂಗ್ಟನ್, ಮೇಷ್ಟ್ರದು ಊಟಿ. ಗೌಡ್ರಿಗೆ ಕೊಡಗು, ಕಾರಣ ಊಟ. ನನ್ನ ಮತ ಊಟಿಗೆ. ನನ್ನಲ್ಲಿಲ್ಲದ ಏಟನ್ನು ಮುಲಾಜಿಲ್ಲದೆ ಕೇಳಿದ್ದು ಅದೊಂದೇ. ಮತ್ತೆ ಹೋಗುವುದಾದರೆ ಮೊದಲ ದಿನ ಆಡುವುದಿಲ್ಲ, ಹತ್ತು ಚೆಂಡು ಹೊಡೆದು ಬಿದ್ದ ಜಾಗ, ನಿಂತ ಜಾಗ ನೋಡಿಕೊಂಡು ಕ್ಯಾಡಿ ಕೊಟ್ಟ ಕ್ಲಬ್ ಹಿಡಿಯುತ್ತೇನೆ.

ನಾವು ಕೊಡಗಿನಲ್ಲಿದ್ದಾಗಲೇ ಮೈಸೂರಿನಲ್ಲಿ ಎರಡು ರಾತ್ರಿ ಜೋರು ಮಳೆ. ಭರಣಿ ಮಳೆ ಬಂದರೆ ಧರಣಿ ಬದುಕೀತು ಅಂತ ಗೌಡ್ರು ಫೋನಿನಲ್ಲೇ ಕುಣಿದರು. ವಾರ ಬಿಟ್ಟು ಕ್ಲಬ್ಬಿಗೆ ಹೋದರೆ ಹಪ್ಪಳದ ನೆಲಕ್ಕೆ ಹಸಿರು ಚಿಗುರು, ಕಾಲಿಟ್ಟರೆ ಮೆತ್ತಗೆ. ಎಂಟನೇ ಐರನ್ನಿನಲ್ಲಿ ಎಂದಿನಂತೆ ತಳ್ಳಿದೆ, ಚೆಂಡು ನಾಲ್ಕು ಅಡಿ ಹೋಗಿ ನಿಂತಿತು. ಪಕ್ಕದಲ್ಲಿದ್ದ ನಮ್ಮೂರ ಕ್ಯಾಡಿ ಹುಡುಗ ಸದ್ದಿಲ್ಲದೆ ವೆಡ್ಜ್ ಎತ್ತಿ ಕೊಟ್ಟ. ನೋಟ್‌ಬುಕ್ ತೆಗೆದು "ಮೈಸೂರು 124, 21" ಅಂತ ಬರೆದಿದ್ದರ ಮುಂದೆ "ಮಳೆಗೆ ಮುಂಚೆ" ಅಂತ ಸೇರಿಸಿ, ಇನ್ನೊಂದು ಗೆರೆ ಹಾಕಿ, ಗೌಡ್ರಿಗೆ ಫೋನ್ ಮಾಡಿದೆ. ಮತ್ತೆ ಹತ್ತು ಚೆಂಡು ಹೊಡೆಯಬೇಕು, ಕೈ ಎತ್ತುವವರು ಬೇಕು.