ತುಳಿದರೆ ಸಾಯದ ಮರಿ, ಕುಕ್ಕಿದರೆ ಸಾಯುತ್ತದೆ

ಹೋದ ಕಾರ್ತಿಕದ ಒಂದು ಬೆಳಗ್ಗೆ ಮುದ್ದೆಗೆ ಎಸರಿಟ್ಟು ಹಿಟ್ಟು ಅಳೆಯುತ್ತಿದ್ದಾಗ ಮೈಸೂರಿನಿಂದ ತಂಗಿಯ ಮಗಳ ಫೋನು ಬಂತು. ಬೋಗಾದಿಯ ಆಚೆ ಮನೆ ಕಟ್ಟಿಕೊಂಡು ಹಿತ್ತಲಲ್ಲಿ ಎಂಟು ನಾಟಿ ಕೋಳಿ ಸಾಕಿದ್ದಾಳೆ. "ದೊಡ್ಡಮ್ಮ, ಇದು ತಾಯಿಯೋ ರಾಕ್ಷಸಿಯೋ! ನಿನ್ನೆ ಹುಟ್ಟಿದ ಮರಿಗಳನ್ನು ಕುಕ್ಕಿ ಕೊಲ್ಲುತ್ತಿದೆ" ಎಂದು ಅಳುವ ದನಿ. "ಕುಕ್ಕಿದ್ದನ್ನು ಕಣ್ಣಾರೆ ಕಂಡೆಯಾ?" ಎಂದು ಕೇಳಿದೆ. ಕಂಡಿರಲಿಲ್ಲ. ಕಾವಿನ ಬುಟ್ಟಿಯ ಪಕ್ಕ ಒಂದು ಮರಿ ಸತ್ತು ಬಿದ್ದಿತ್ತು, ಇನ್ನೊಂದರ ನೆತ್ತಿಯಲ್ಲಿ ರಕ್ತವಿತ್ತು, ತಾಯಿ ಅಲ್ಲೇ ಕುಳಿತಿತ್ತು. ಅಷ್ಟಕ್ಕೇ ತೀರ್ಪು ಕೊಟ್ಟುಬಿಟ್ಟಿದ್ದಳು. "ಬಾಗಿಲ ಸಂದಿಯಲ್ಲಿ ಕುಳಿತು ಕಾಲು ಗಂಟೆ ಸದ್ದಿಲ್ಲದೆ ನೋಡು, ಆಮೇಲೆ ಮಾತಾಡೋಣ" ಎಂದು ಫೋನು ಇಟ್ಟೆ.

ಮುದ್ದೆ ಕಟ್ಟುವ ಹೊತ್ತಿಗೆ ಮತ್ತೆ ಫೋನು. ತಾಯಿ ಕೆಂಪು ಹೇಂಟೆ ಮರಿಗಳನ್ನು ರೆಕ್ಕೆಯೊಳಗೆ ಸೇರಿಸಿಕೊಂಡು ಸುಮ್ಮನೆ ಕುಳಿತಿದೆಯಂತೆ. ದಿನಾ ಅದೇ ಬುಟ್ಟಿಗೆ ಮೊಟ್ಟೆಯಿಡಲು ಬರುತ್ತಿದ್ದ ಬಿಳಿ ಹೇಂಟೆ, ಜಾಗ ಬಿಡಲಿಲ್ಲವೆಂಬ ಸಿಟ್ಟಿಗೆ, ಹೊರಗೆ ಇಣುಕಿದ ಮರಿಯ ತಲೆಗೇ ಕುಕ್ಕುತ್ತಿದೆ. ಮದ್ದೂರಿನ ಪಕ್ಕದ ನಮ್ಮ ಊರಿನಲ್ಲಿ ನಲವತ್ತು ವರ್ಷದಿಂದ ಕೋಳಿ ಸಾಕುತ್ತಿದ್ದೇನೆ. ಮರಿ ಸತ್ತಾಗ ಬಹಳ ಸಲ ತಾಯಿಯ ಮೇಲೆ ಹೊರಿಸುವ ಅಪರಾಧ ಹೀಗೆ ಬೇರೆಯವರದಾಗಿರುತ್ತದೆ.

ಕೋಳಿ ತುಳಿದು ಮರಿ ಸಾಯುವುದಿಲ್ಲ ಎಂಬ ಗಾದೆ ಮುಕ್ಕಾಲು ಪಾಲು ನಿಜ. ಕುಕ್ಕುವ ವಿಚಾರಕ್ಕೆ ಮಾತ್ರ ಗಾದೆಯನ್ನು ನಂಬಿ ಕೂರಬೇಡಿ. ಕುಕ್ಕುವುದರಲ್ಲೂ ಎರಡು ಬಗೆಯಿದೆ. ತಾಯಿ ಒಂದು ನುಚ್ಚನ್ನು ಕೊಕ್ಕಿನಲ್ಲಿ ಎತ್ತಿ, ಕೆಳಗೆ ಬೀಳಿಸಿ, ಮತ್ತೆ ಎತ್ತಿ, ಕೊಕ್ ಕೊಕ್ ಎಂದು ಕರೆಯುತ್ತದೆ. ಮರಿಗಳು ನುಗ್ಗಿ ಬರುತ್ತವೆ, ಅದರ ಕೊಕ್ಕು ಇವುಗಳ ಕೊಕ್ಕಿಗೆ, ಕಾಲಿಗೆ ತಾಗುತ್ತದೆ. ಮರಿ ಮೈ ಕೊಡವಿಕೊಂಡು ಮತ್ತೆ ಅಲ್ಲೇ ನಿಲ್ಲುತ್ತದೆ. ಅದು ಪಾಠ. ಕೊಲ್ಲುವ ಕೋಳಿ ಸದ್ದು ಮಾಡುವುದಿಲ್ಲ. ಕತ್ತು ಚಾಚುತ್ತದೆ, ಕತ್ತಿನ ಗರಿ ಅರಳುತ್ತದೆ, ಕೊಕ್ಕು ನೇರವಾಗಿ ನೆತ್ತಿಗೋ ಬೆನ್ನಿಗೋ ಬೀಳುತ್ತದೆ, ಮರಿ ಓಡಿದರೂ ಬೆನ್ನಟ್ಟುತ್ತದೆ. ಮರಿಯ ಕೂಗು ಕೂಡ ಬೇರೆ: ಬಿಟ್ಟು ಬಿಟ್ಟು ಬರುವ ಪಿಯ್ ಪಿಯ್ ಅಲ್ಲ, ಉಸಿರು ತೆಗೆದುಕೊಳ್ಳದೆ ಎಳೆಯುವ ಸಣ್ಣ ಚೀರಾಟ. ಒಮ್ಮೆ ಕೇಳಿದವರಿಗೆ ಅಡುಗೆಮನೆಯಿಂದಲೇ ಗೊತ್ತಾಗುತ್ತದೆ.

ಬೇರೆ ಕೋಳಿಗಳ ಕಾಟವಾದರೆ ತಾಯಿ ಮತ್ತು ಮರಿಗಳನ್ನು ಬೇರೆ ಮಾಡಿ. ಆದರೆ ಕಣ್ಣಿಗೆ ಕಾಣದಂತೆ ಕೋಣೆಯೊಳಗೆ ಕೂಡಿಹಾಕಬೇಡಿ, ಇದು ಅನೇಕರು ಮಾಡುವ ತಪ್ಪು. ಕೋಳಿಗಳಲ್ಲಿ ಯಾರು ಮೊದಲು, ಯಾರು ಕೊನೆ ಎಂಬ ಲೆಕ್ಕ ನಮ್ಮ ಊರಿನ ಪಂಕ್ತಿಯೂಟಕ್ಕಿಂತ ಬಿಗಿ. ತಿಂಗಳು ಕಾಣೆಯಾಗಿ ಬಂದ ಹೇಂಟೆ ಹೊಸಬಳಾಗಿಬಿಡುತ್ತದೆ, ಎಲ್ಲರಿಂದ ಕುಕ್ಕಿಸಿಕೊಳ್ಳುತ್ತದೆ, ತನ್ನನ್ನೇ ಕಾಯಲಾಗದ್ದು ಮರಿಗಳನ್ನು ಏನು ಕಾಯುತ್ತದೆ? ಹಿತ್ತಲ ಒಂದು ಮೂಲೆಗೆ ಸಣ್ಣ ಕಣ್ಣಿನ ತಂತಿಬಲೆ ಅಡ್ಡ ಕಟ್ಟಿ. ಇವರನ್ನು ಅವರು, ಅವರನ್ನು ಇವರು ನೋಡುತ್ತಿರಲಿ. ವಾರ ಹತ್ತು ದಿನ ಕಳೆದ ಮೇಲೆ, ಸಂಜೆ ಗೂಡು ಸೇರುವುದಕ್ಕೆ ಒಂದು ಗಂಟೆ ಮುಂಚೆ ಬಲೆ ತೆಗೆದು, ರಾಗಿಯನ್ನು ಒಂದೇ ಕಡೆ ಸುರಿಯದೆ ಹಿತ್ತಲ ತುಂಬ ಎರಚಿ. ತಿನ್ನುವ ಆತುರದಲ್ಲಿ ಜಗಳ ಮರೆಯುತ್ತವೆ, ಅಷ್ಟರಲ್ಲಿ ಕತ್ತಲಾಗುತ್ತದೆ.

ಹಳ್ಳಿಯಲ್ಲಿ ಬಲೆಯ ಬದಲು ಮಂಕರಿ ಇತ್ತು, ನಮ್ಮ ಮನೆಯಲ್ಲಿ ಇಂದಿಗೂ ಇದೆ. ಕಣ್ಣು ಕಣ್ಣಾಗಿ ಹೆಣೆದ ಬಿದಿರಿನ ಮಂಕರಿಯನ್ನು ತಾಯಿಯ ಮೇಲೆ ಕವುಚಿ ಹಾಕಿದರೆ ಮರಿಗಳು ಸಂದಿಯಲ್ಲಿ ಹೊರಗೆ ಹೋಗಿ ಒಳಗೆ ಬರುತ್ತವೆ, ಹದ್ದಿನ ನೆರಳು ಕಂಡರೆ ತಾಯಿ ಕರೆದ ಕೂಡಲೇ ಒಳಗೆ ಸೇರುತ್ತವೆ. ಮೂರು ಬೆರಳು ತೂರುವಷ್ಟು ಕಣ್ಣು ಸಾಕು. ಹತ್ತು ದಿನದ ನಂತರ ಇದೇ ಮಂಕರಿಯನ್ನು ತಿರುಗಾ ಮುರುಗಾ ಬಳಸಿ: ತಾಯಿಯನ್ನು ಹೊರಗೆ ಬಿಟ್ಟು, ಮರಿಗಳ ನುಚ್ಚು ನೀರನ್ನು ಒಳಗಿಟ್ಟು, ಮೇಲೊಂದು ಕಲ್ಲು ಹೇರಿ. ಕುಕ್ಕಾಟ ಹೆಚ್ಚಾಗಿ ನಡೆಯುವುದು ತಟ್ಟೆಯ ಸುತ್ತ, ದೊಡ್ಡವಕ್ಕೆ ತಟ್ಟೆಯೇ ಎಟುಕದಿದ್ದರೆ ಜಗಳಕ್ಕೆ ಕಾರಣವಿಲ್ಲ. ನಮ್ಮ ಜೋರಿನ ಹೇಂಟೆಯೊಂದು ಮಂಕರಿಯ ಸುತ್ತ ಪ್ರದಕ್ಷಿಣೆ ಹಾಕಿ, ಕಣ್ಣಿಗೊಂದು ಸಲ ಕೊಕ್ಕು ತೂರಿಸಿ, ಸೋತು ತಿಪ್ಪೆಯ ಕಡೆ ನಡೆಯುವುದನ್ನು ನೋಡಲು ನನಗೆ ಈಗಲೂ ಖುಷಿ. ಮರಿಗಳ ತಿಂಡಿ ಬೇರೆಯಾಗಿರುವುದು ಇನ್ನೊಂದು ಕಾರಣಕ್ಕೂ ಒಳ್ಳೆಯದು. ಅಂಗಡಿಯ ಮೊಟ್ಟೆಕೋಳಿ ಆಹಾರದಲ್ಲಿ ಸುಣ್ಣದ ಅಂಶ ಹೆಚ್ಚು, ಅದು ಎಳೆಯ ಮರಿಗಳ ಮೂತ್ರಪಿಂಡಕ್ಕೆ ಕೆಡುಕು.

ಇನ್ನು ತಾಯಿಯೇ ಕುಕ್ಕುವ ಸಂಗತಿ. ಮೊದಲ ಸಲ ಕಾವಿಗೆ ಕುಳಿತ ಹೇಂಟೆಗೆ 21 ದಿನ ಮೊಟ್ಟೆ ಗೊತ್ತು, ಮರಿ ಗೊತ್ತಿಲ್ಲ. ಹೊಟ್ಟೆಯ ಕೆಳಗೆ ಒದ್ದೆಯಾದದ್ದೇನೋ ಮಿಸುಕಿದರೆ ಹೆದರಿ ಎದ್ದು ಕುಕ್ಕುತ್ತದೆ. ಆಗ ಬುಟ್ಟಿಯ ಮೇಲೆ ಗೋಣಿಚೀಲ ಮುಚ್ಚಿ ಕತ್ತಲು ಮಾಡಿ, ಮಕ್ಕಳನ್ನು ಅತ್ತ ಸುಳಿಯಗೊಡಬೇಡಿ. ಕತ್ತಲಲ್ಲಿ ಮರಿಗಳ ದನಿ ಕೇಳುತ್ತಾ ಕೇಳುತ್ತಾ ಬಹುತೇಕ ಹೇಂಟೆಗಳು ತಾವೇ ದನಿಗೂಡಿಸುತ್ತವೆ. ಮರಿಗೆ ಆಹಾರ ಕೊಡಲಿಲ್ಲವಲ್ಲ ಎಂದು ಚೀಲ ಸರಿಸಿ ಸರಿಸಿ ನೋಡುವುದು ಬೇಡ. ಹೊಟ್ಟೆಯೊಳಗೆ ಸೇರಿದ ಮೊಟ್ಟೆಯ ಹಳದಿಯ ಬಲದಲ್ಲಿ ಮರಿ ಎರಡು ದಿನ ತಡೆಯುತ್ತದೆ. ತಾಯಿಗೆ ಹೇನು ಹತ್ತಿದ್ದರೂ ಅದು ನೆಮ್ಮದಿಯಾಗಿ ಕೂರುವುದಿಲ್ಲ. ಕಾವಿಗೆ ಕೂರಿಸುವಾಗಲೇ ಹುಲ್ಲಿನ ಕೆಳಗೆ ಬೇವಿನ ಸೊಪ್ಪು ಹಾಸಿ, ಹತ್ತಿರದಲ್ಲೇ ಒಲೆಯ ಬೂದಿ ಬೆರೆಸಿದ ಮಣ್ಣಿನ ಗುಂಡಿ ಮಾಡಿಕೊಡಿ, ಮೈ ಹೊರಳಿಸಿಕೊಳ್ಳುತ್ತದೆ.

ಮರಿಗಳು ಒಂದೇ ದಿನ ಹೊರಬರದಿರುವುದೂ ತಾಯಿಯನ್ನು ಕೆಡಿಸುತ್ತದೆ. ಕಾವಿನ ನಡುವೆ ಬೇರೆ ಹೇಂಟೆಗಳು ಅದೇ ಬುಟ್ಟಿಗೆ ಮೊಟ್ಟೆಯಿಟ್ಟು ಹೋದರೆ ಮೊದಲ ಮರಿ ಓಡಾಡುವಾಗ ಇನ್ನೊಂದಕ್ಕೆ ವಾರ ಬಾಕಿಯಿರುತ್ತದೆ. ತಾಯಿ ಅತ್ತ ಮೊಟ್ಟೆ ಬಿಡಲಾರದೆ ಇತ್ತ ಮರಿಯ ಹಿಂದೆ ಹೋಗಲಾರದೆ ಗೋಳಾಡುತ್ತದೆ, ತಡವಾಗಿ ಬಂದದ್ದನ್ನು ತನ್ನದಲ್ಲವೆಂದು ದೂಡುತ್ತದೆ. ಕಾವಿಗೆ ಇಟ್ಟ ಮೊಟ್ಟೆಗಳಿಗೆಲ್ಲ ನನ್ನ ಅತ್ತೆ ಇದ್ದಿಲಿನಲ್ಲಿ ಗೀಟು ಎಳೆಯುತ್ತಿದ್ದರು, ನಾನು ಪೆನ್ಸಿಲ್ ಬಳಸುತ್ತೇನೆ. ದಿನಕ್ಕೊಮ್ಮೆ ಹೇಂಟೆ ಮೇವಿಗೆ ಏಳುತ್ತದಲ್ಲ, ಆಗ ಗೀಟಿಲ್ಲದ ಮೊಟ್ಟೆ ತೆಗೆದುಬಿಡಿ. (ಅತ್ತೆ ಗುಡುಗಿಗೆ ಮೊಟ್ಟೆ ಕೆಡಬಾರದೆಂದು ಬುಟ್ಟಿಯಲ್ಲಿ ಕಬ್ಬಿಣದ ಚೂರನ್ನೂ ಇಡುತ್ತಿದ್ದರು. ಅದರಿಂದ ಏನಾಗುತ್ತದೋ, ಇಡುವುದನ್ನು ಮಾತ್ರ ನಾನು ಬಿಟ್ಟಿಲ್ಲ.)

ಹೊರಗಿನಿಂದ ತಂದ ಮರಿಯನ್ನು ತಾಯಿಗೆ ಒಪ್ಪಿಸುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ, ಅದರಲ್ಲಿ ನಾನೇ ಪೆಟ್ಟು ತಿಂದಿದ್ದೇನೆ. ಒಂದು ವರ್ಷ ಹತ್ತು ದಿನದ ಐದು ಗಿರಿರಾಜ ತಳಿಯ ಮರಿಗಳನ್ನು ತಂದು, ಆಗತಾನೇ ಕಪ್ಪು ಮರಿ ಮಾಡಿದ್ದ ನಾಟಿ ಹೇಂಟೆಯ ಮುಂದೆ ಹಾಡಹಗಲಲ್ಲೇ ಬಿಟ್ಟೆ. ನಾನು ಕೈ ತೊಳೆದು ಬರುವಷ್ಟರಲ್ಲಿ ಎರಡು ಹೋಗಿದ್ದವು. ಹೇಂಟೆಯ ತಪ್ಪಿಲ್ಲ. ಬಣ್ಣ ಬೇರೆ, ಗಾತ್ರ ಬೇರೆ, ಅದು ಕರೆದರೆ ಇವು ಓಡುತ್ತವೆ. ಮರಿ ಒಂದೆರಡು ದಿನದ್ದಾಗಿರಬೇಕು, ತಾಯಿಯ ಕೆಳಗೆ ಇನ್ನೂ ಮೊಟ್ಟೆಯೋ ಅಷ್ಟೇ ಎಳೆಯ ಮರಿಯೋ ಇರಬೇಕು, ಹೊತ್ತು ರಾತ್ರಿಯಾಗಿರಬೇಕು. ಟಾರ್ಚ್ ಹಾಕದೆ, ಮರಿಯನ್ನು ಅಂಗೈಯಲ್ಲಿ ಬೆಚ್ಚಗೆ ಮುಚ್ಚಿಕೊಂಡು ಹಿಂದಿನಿಂದ ರೆಕ್ಕೆಯ ಕೆಳಗೆ ಕೈ ತೂರಿಸಿ, ಒಂದು ಮೊಟ್ಟೆ ತೆಗೆದು ಅಲ್ಲಿ ಮರಿ ಬಿಡಿ. ಹೇಂಟೆ ಗೊರ್ ಎನ್ನುತ್ತದೆ, ಮೈ ಸ್ವಲ್ಪ ಎತ್ತಿ ಮತ್ತೆ ಇಳಿಸುತ್ತದೆ. ಇಳಿಸಿದರೆ ಅರ್ಧ ಗೆದ್ದಿರಿ. ಬೆಳಕು ಹರಿಯುವ ಮುಂಚೆ ಎದ್ದು ಹೋಗಿ ನೋಡುವುದನ್ನು ಮರೆಯಬೇಡಿ, ಬೆಳಕಿನಲ್ಲಿ ಮುಖ ಕಂಡಾಗ ಮನಸ್ಸು ಬದಲಾಯಿಸುವ ಹೇಂಟೆಗಳೂ ಇವೆ.

ಎರಡು ರಾತ್ರಿಯಾದರೂ ಒಪ್ಪದಿದ್ದರೆ ಹಟ ಬಿಡಿ. ರಟ್ಟಿನ ಪೆಟ್ಟಿಗೆಗೆ ಭತ್ತದ ಹೊಟ್ಟು ಹರಡಿ, ಮೇಲೆ ಬಲ್ಬು ತೂಗುಹಾಕಿ ನೀವೇ ಸಾಕಿ. ಮೊದಲ ವಾರ 35 ಡಿಗ್ರಿಯ ಆಸುಪಾಸು ಶಾಖ ಬೇಕು, ಆಮೇಲೆ ವಾರ ವಾರ ಮೂರು ಡಿಗ್ರಿಯಷ್ಟು ಇಳಿಸಬಹುದು. ಮಾಪಕ ಇಲ್ಲದಿದ್ದರೂ ಚಿಂತೆಯಿಲ್ಲ: ಬಲ್ಬಿನ ಕೆಳಗೆ ಗುಪ್ಪೆಯಾದರೆ ಚಳಿ, ಅಂಚಿಗೆ ಸರಿದು ಬಾಯಿ ತೆರೆದರೆ ಸೆಕೆ. ಮರಿ ಕೊಂದ ಹೇಂಟೆಯನ್ನು ಮುಂದಿನ ಸಲ ಕಾವಿಗೆ ಕೂರಿಸಬೇಡಿ. ಕಾವು ಬಿಡಿಸಲು ನೀರಿನಲ್ಲಿ ಅದ್ದುವುದು, ಮೂಗಿಗೆ ಗರಿ ಚುಚ್ಚುವುದು ನನಗೆ ಸೇರದು. ಕೆಳಗಿನಿಂದ ಗಾಳಿಯಾಡುವ ಪಂಜರದಲ್ಲಿ, ಹುಲ್ಲು ಹಾಕದೆ, ಮೇವು ನೀರು ಕೊಟ್ಟು ಮೂರು ನಾಲ್ಕು ದಿನ ಇಟ್ಟರೆ ಹೊಟ್ಟೆಯ ಬಿಸಿ ಇಳಿದು ತಾನೇ ಕಾವು ಬಿಡುತ್ತದೆ.

ಗಾಯವಾದ ಮರಿಯನ್ನು ಗುಂಪಿನಲ್ಲಿ ಬಿಡಲೇಬಾರದು, ಕೆಂಪು ಕಂಡರೆ ಒಡಹುಟ್ಟಿದವೂ ಕುಕ್ಕುತ್ತವೆ. ಅರಿಶಿನ ಹಚ್ಚಿ, ಜೊತೆಗೆ ಇನ್ನೊಂದು ಮರಿಯನ್ನು ಸೇರಿಸಿ ಬೇರೆ ಇಡಿ, ಒಂಟಿ ಮರಿ ಕೂಗಿ ಕೂಗಿಯೇ ಸೊರಗುತ್ತದೆ. ಕೊಕ್ಕರೆ ರೋಗದ (ರಾಣಿಖೇತ್) ಮೊದಲ ಲಸಿಕೆಗೆ 5ರಿಂದ 7ನೇ ದಿನದೊಳಗೆ ಪಶು ಆಸ್ಪತ್ರೆಗೆ ಒಯ್ಯುವಾಗ ತಾಯಿಯನ್ನೂ ಅದೇ ಬುಟ್ಟಿಯಲ್ಲಿ ಕರೆದೊಯ್ಯಿರಿ.

ತಂಗಿಯ ಮಗಳು ತಂತಿಬಲೆ ಕಟ್ಟಿದಳು, ಬಿಳಿ ಹೇಂಟೆಗೆ ಬೇರೆ ಬುಟ್ಟಿ ಇಟ್ಟಳು. ನೆತ್ತಿ ಗಾಯವಾಗಿದ್ದ ಮರಿಯೂ ಸೇರಿ ಏಳು ಉಳಿದವು. ಸಂಕ್ರಾಂತಿ ಕಳೆದ ವಾರ ಮತ್ತೆ ಅವಳ ಫೋನು, ಮತ್ತೆ ಅದೇ ದನಿ: "ದೊಡ್ಡಮ್ಮ, ಈ ಸಲ ಕಣ್ಣಾರೆ ಕಂಡೆ. ಕೆಂಪು ಹೇಂಟೆಯೇ ಕುಕ್ಕಿ ಓಡಿಸುತ್ತಿದೆ, ರಾತ್ರಿ ಪಕ್ಕದಲ್ಲೂ ಸೇರಿಸುತ್ತಿಲ್ಲ."

"ಮರಿಗಳಿಗೆ ಎಷ್ಟು ದಿನವಾಯಿತು?"

"ಎರಡು ತಿಂಗಳು."

"ಹಾಗಾದರೆ ತಾಯಿ ಮಕ್ಕಳನ್ನು ಬಿಡಿಸುವ ಹೊತ್ತು. ಹೋಗಿ ಬುಟ್ಟಿ ನೋಡು" ಎಂದೆ. ಫೋನು ಹಿಡಿದುಕೊಂಡೇ ಹೋದಳು. ಹುಲ್ಲು ಸರಿಸಿದ ಸದ್ದು ಕೇಳಿಸಿತು, ಆಮೇಲೆ ನಗು. ಬುಟ್ಟಿಯಲ್ಲಿ ಒಂದು ಮೊಟ್ಟೆ, ಇನ್ನೂ ಬಿಸಿಯಾಗಿತ್ತಂತೆ.