ಮರವಂತೆಯ ಆಕಾಶದಲ್ಲಿ ಕಂಡ ಕಲೆಗಳು

ಎರಡು ವರ್ಷ ನನ್ನ ಕ್ಯಾಮೆರಾ ಹೆಚ್ಚಾಗಿ ಕಂಡದ್ದು ರಾತ್ರಿಯನ್ನೇ. ಊರಿನ ಸುತ್ತಮುತ್ತ ಎಲ್ಲಿ ಯಕ್ಷಗಾನ ಬಯಲಾಟ ಇದ್ದರೂ ಹೆಗಲಿಗೆ ಬ್ಯಾಗ್ ಹಾಕಿ ಹೊರಡುತ್ತಿದ್ದೆ. ರಂಗಸ್ಥಳದ ಬೆಳಕಿಗೆ ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200, ಅಪರ್ಚರ್, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ, ಎಫ್/2.8. ಎಫ್ ಅಂಕಿ ಹೆಚ್ಚಿದಷ್ಟೂ ಕಿಂಡಿ ಕಿರಿದು. ಅದಕ್ಕಿಂತ ಕಿರಿದು ಮಾಡುವ ಸಂದರ್ಭವೇ ಬರುತ್ತಿರಲಿಲ್ಲ. ಫೋಟೋಗಳಲ್ಲಿ ಒಂದು ಕಲೆಯೂ ಕಾಣುತ್ತಿರಲಿಲ್ಲ.

ಒಂದು ಸಂಜೆ ಸೂರ್ಯಾಸ್ತ ತೆಗೆಯಲೆಂದು ಮರವಂತೆಗೆ ಹೋದೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ನದಿ, ನಡುವೆ ಹೆದ್ದಾರಿ. ಟ್ರೈಪಾಡ್ ಹಾಕಿ, ಅಲೆ ಹೊಗೆಯಂತೆ ಕಾಣಲಿ ಎಂದು ಅಪರ್ಚರನ್ನು ಎಫ್/16ಕ್ಕೆ ಕಿರಿದು ಮಾಡಿದೆ. ಮನೆಗೆ ಬಂದು ಕಂಪ್ಯೂಟರಿನಲ್ಲಿ ತೆರೆದರೆ ಆಕಾಶದ ತುಂಬ ಬೂದು ಚುಕ್ಕೆಗಳು. ಮೊದಲ ಫೋಟೋ ನೋಡಿ ದೂರದ ಹಕ್ಕಿಗಳಿರಬೇಕು ಅಂದುಕೊಂಡೆ. ಮುಂದಿನ ಎಲ್ಲ ಫೋಟೋಗಳಲ್ಲೂ ಅವು ಅದೇ ಜಾಗದಲ್ಲಿ ಕೂತಿದ್ದವು.

ಲೆನ್ಸಿನ ಮುಂದಿನ ಗಾಜು ಒರೆಸಿದೆ, ಏನೂ ಬದಲಾಗಲಿಲ್ಲ. ಬೇರೆ ಲೆನ್ಸ್ ಹಾಕಿದೆ, ಚುಕ್ಕೆಗಳು ಕದಲಲಿಲ್ಲ. ಅಲ್ಲಿಗೆ ಲೆನ್ಸ್ ಮೇಲಿನ ಅನುಮಾನ ಹೋಯಿತು. ನಮ್ಮ ಕರಾವಳಿಯಲ್ಲಿ ಎಲ್ಲರಿಗೂ ಮೊದಲು ಬರುವ ಭಯ ಫಂಗಸ್. ಆದರೆ ಲೆನ್ಸಿನ ಫಂಗಸ್ ಸಾಮಾನ್ಯವಾಗಿ ಹೀಗೆ ಗುರುತಿಸಬಹುದಾದ ಚುಕ್ಕೆಯಾಗಿ ಮೂಡುವುದಿಲ್ಲ. ಚಿತ್ರವನ್ನೆಲ್ಲ ಮಂಕು ಮಾಡುತ್ತದೆ. ಹಾಟ್ ಪಿಕ್ಸೆಲ್ ಕೂಡ ಅಲ್ಲ, ಅದು ಕೆಂಪೋ ನೀಲಿಯೋ ಬಣ್ಣದಲ್ಲಿ ಹೊಳೆಯುವ ಸಣ್ಣ ಬಿಂದು. ನನ್ನವು ಮಬ್ಬು ಅಂಚಿನ ಬೂದು ಚುಕ್ಕೆಗಳು. ಅಂದರೆ ಕ್ಯಾಮೆರಾದೊಳಗೆ ಚಿತ್ರ ಹಿಡಿಯುವ ಸೆನ್ಸರ್ ಮೇಲೆ ಕೂತ ಧೂಳಿನ ನೆರಳು.

ಕುಂದಾಪುರದಲ್ಲಿ ನನಗೆ ಪರಿಚಯದ ಹಿರಿಯರೊಬ್ಬರು ಸ್ಟುಡಿಯೋ ನಡೆಸುತ್ತಾರೆ, ಫಿಲ್ಮ್ ಕಾಲದಿಂದ ಇದ್ದವರು. ಅವರ ಹತ್ತಿರ ಹೋಗಿ, "ಇದನ್ನು ಯಾವುದರಿಂದ ಒರೆಸಲಿ?" ಎಂದು ಕೇಳಿದೆ. "ಒರೆಸುವುದು ಆಮೇಲೆ ಮಾರಾಯ್ರೆ, ಮೊದಲು ಎಲ್ಲೆಲ್ಲಿ ಉಂಟು ನೋಡಿ" ಅಂದರು. ಆ ಒಂದು ಮಾತಿನಿಂದ ನನ್ನ ಸೆನ್ಸರ್ ಉಳಿಯಿತು ಎಂದೇ ನಂಬಿದ್ದೇನೆ, ಯಾಕೆಂದರೆ ಕನ್ನಡಕ ಒರೆಸುವ ಬಟ್ಟೆ ಆಗಲೇ ಜೇಬಿನಲ್ಲಿತ್ತು.

ನೋಡುವ ಕ್ರಮ ಹೀಗೆ. ಅಂಗಳದ ಹಗ್ಗಕ್ಕೆ ಬಿಳಿ ಪಂಚೆ ಕಟ್ಟಿದೆ, ಬಿಸಿಲು ಅದರ ಮೇಲೆ ಸಮನಾಗಿ ಬೀಳುವ ಹಾಗೆ. ಐಎಸ್ಒ 100, ಅಪರ್ಚರ್ ಎಫ್/22, ಫೋಕಸ್ ಮ್ಯಾನುಯಲ್‌ನಲ್ಲಿ ಅನಂತಕ್ಕೆ. ಪಂಚೆಗೆ ಹತ್ತಿರ ನಿಂತು, ಎಕ್ಸ್‌ಪೋಷರನ್ನು ಒಂದು ಸ್ಟಾಪ್ (ಬೆಳಕು ಎರಡು ಪಟ್ಟಾಗುವಷ್ಟು) ಏರಿಸಿ, ಷಟರ್ ತೆರೆದಿರುವಾಗಲೇ ಕ್ಯಾಮೆರಾವನ್ನು ಬೇಕೆಂದೇ ಅಲ್ಲಾಡಿಸಿದೆ. ಕೈ ಅಲ್ಲಾಡಿದರೆ ಬಟ್ಟೆಯ ನೇಯ್ಗೆ ಕದಡಿ ಮಾಯವಾಗುತ್ತದೆ. ಧೂಳು ಕ್ಯಾಮೆರಾದ ಜೊತೆಗೇ ಚಲಿಸುವುದರಿಂದ ಅದೊಂದೇ ಉಳಿಯುತ್ತದೆ. ಆ ಫೋಟೋಗೆ ಕಾಂಟ್ರಾಸ್ಟ್ ಏರಿಸಿ, ನೂರು ಶೇಕಡಾ ಗಾತ್ರದಲ್ಲಿ ಮೂಲೆಯಿಂದ ಮೂಲೆಗೆ ಸರಿಸುತ್ತ ಎಣಿಸಿದೆ. ಹನ್ನೊಂದು.

ಎಫ್/22ರಲ್ಲೇ ಯಾಕೆ? ಧೂಳು ಕೂರುವುದು ಪಿಕ್ಸೆಲ್‌ಗಳ ಮೇಲಲ್ಲ, ಅವುಗಳ ಮುಂದಿರುವ ಫಿಲ್ಟರ್ ಗಾಜಿನ ಮೇಲೆ. ನಡುವೆ ಸ್ವಲ್ಪ ಅಂತರ ಇದೆ. ಅಪರ್ಚರ್ ದೊಡ್ಡದಿದ್ದರೆ ಬೆಳಕು ಅಗಲವಾದ ಕೋನದಿಂದ ಬಂದು ಧೂಳಿನ ಸುತ್ತ ನುಸುಳುತ್ತದೆ, ಮೋಡದ ದಿನ ನಮ್ಮ ನೆರಳು ಕರಗಿಹೋದ ಹಾಗೆ. ಕಿರಿದಾದರೆ ಬಿಸಿಲಿನಲ್ಲಿ ಬಿದ್ದ ನೆರಳಿನಂತೆ ಅಂಚು ಸಿಗುತ್ತದೆ. ಎರಡು ವರ್ಷ ಆಟದ ಫೋಟೋಗಳಲ್ಲಿ ಕಲೆ ಕಾಣದ್ದಕ್ಕೆ ಇದೇ ಕಾರಣ. ನನ್ನದು 24 ಮೆಗಾಪಿಕ್ಸೆಲ್ ಎಪಿಎಸ್-ಸಿ (ಸೆನ್ಸರಿನ ಒಂದು ಗಾತ್ರ) ಕ್ಯಾಮೆರಾ. 23.5 ಮಿಲಿಮೀಟರ್ ಅಗಲದಲ್ಲಿ 6000 ಪಿಕ್ಸೆಲ್. 25 ಪಿಕ್ಸೆಲ್ ಅಗಲದ ಚುಕ್ಕೆ ಅಂದರೂ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗದಷ್ಟೇ. ಹಾಗಾಗಿ ಕಣ್ಣಿಗೆ ಕಾಣದಿದ್ದರೆ ಧೂಳೇ ಇಲ್ಲ ಎಂದು ತಿಳಿಯಬಾರದು.

ಇನ್ನೊಂದು ವಿಷಯ ನನ್ನನ್ನು ಸುಮಾರು ಹೊತ್ತು ಗೊಂದಲಕ್ಕೆ ಕೆಡವಿತು. ಲೆನ್ಸ್ ಚಿತ್ರವನ್ನು ತಲೆಕೆಳಗಾಗಿ ಬೀಳಿಸುತ್ತದೆ. ಕ್ಯಾಮೆರಾವನ್ನು ನೇರ ಹಿಡಿದು ಎದುರಿನಿಂದ ಸೆನ್ಸರ್ ನೋಡಿದರೆ, ಫೋಟೋದಲ್ಲಿ ಮೇಲೆ ಎಡಕ್ಕೆ ಕಂಡ ಚುಕ್ಕೆ ಇಲ್ಲಿ ಕೆಳಗೆ ಎಡಕ್ಕೆ ಇರುತ್ತದೆ. ಎಡಬಲ ಬದಲಾಗುವುದಿಲ್ಲ, ಮೇಲೆಕೆಳಗೆ ಮಾತ್ರ ಅದಲುಬದಲು. ಒಂದು ಕಾಗದದಲ್ಲಿ ಬರೆದಿಟ್ಟುಕೊಂಡೆ.

ಶುಚಿ ಮಾಡಲು ಬೆಳಗ್ಗೆ ಆರರ ಹೊತ್ತನ್ನೂ ಮನೆಯ ಒಂದು ಕೋಣೆಯನ್ನೂ ಆಯ್ಕೆ ಮಾಡಿದೆ. ಫ್ಯಾನ್ ಹಾಕುವಂತಿಲ್ಲ, ಏಪ್ರಿಲ್ ಮಧ್ಯಾಹ್ನ ಫ್ಯಾನ್ ಇಲ್ಲದೆ ಕೂತರೆ ಹಣೆಯ ಬೆವರು ನೇರ ಸೆನ್ಸರ್ ಮೇಲೆ ಬೀಳುತ್ತದೆ. ನೆಲ ಒದ್ದೆ ಬಟ್ಟೆಯಿಂದ ಒರೆಸಿ, ಬ್ಯಾಟರಿ ಪೂರ್ತಿ ತುಂಬಿಸಿ, ಮೆನುವಿನ ಶುಚಿಗೊಳಿಸುವ ಆಯ್ಕೆಯಿಂದ ಸೆನ್ಸರಿನ ಮುಂದಿರುವ ಕನ್ನಡಿ ಎತ್ತಿದೆ. ಚಾರ್ಜ್ ಮುಗಿದರೆ ಕನ್ನಡಿಯೂ ಷಟರೂ ಕೈಯ ಮೇಲೇ ಬೀಳಬಹುದು. ಗುಂಡಿ ಒತ್ತಿ ಹಿಡಿದಷ್ಟು ಹೊತ್ತು ಮಾತ್ರ ಷಟರ್ ತೆರೆದಿರುವ ಬಲ್ಬ್ ಮೋಡಿನಲ್ಲಿ ಈ ಕೆಲಸ ಮಾಡಲೇಬಾರದು. ಕ್ಯಾಮೆರಾದ ಬಾಯಿ ಕೆಳಗೆ ಮಾಡಿ, ರಬ್ಬರ್ ಬ್ಲೋವರಿನ ಮೂತಿ ಒಳಗೆ ತಾಗದಂತೆ ಹತ್ತು ಹನ್ನೆರಡು ಸಲ ಒತ್ತಿದೆ. ಬಾಯಿಂದ ಊದಿದರೆ ಉಗುಳು ಹಾರುತ್ತದೆ. ಡಬ್ಬಿಯ ಗಾಳಿ ದ್ರವವನ್ನೂ ಉಗುಳಬಲ್ಲದು. ಮತ್ತೆ ಪಂಚೆಯ ಫೋಟೋ: ಹನ್ನೊಂದು ಹೋಗಿ ನಾಲ್ಕಾಗಿತ್ತು. ಇನ್ನೊಮ್ಮೆ ಊದಿದೆ, ನಾಲ್ಕು ನಾಲ್ಕೇ.

ಆ ನಾಲ್ಕು ಅಂಟಿಕೊಂಡವು. ಅವಕ್ಕೆ ಮಾತ್ರ ಒದ್ದೆ ಸ್ವ್ಯಾಬ್, ಅಂದರೆ ತುದಿಗೆ ಮೆತ್ತನೆ ಬಟ್ಟೆಯಿರುವ ಚಪ್ಪಟೆ ಕಡ್ಡಿ. ನನ್ನ ಸೆನ್ಸರಿನ ಎತ್ತರಕ್ಕೆ ಸರಿಹೊಂದುವ 16 ಮಿಲಿಮೀಟರ್ ಅಗಲದ್ದು, ಜೊತೆಗೆ ಸೆನ್ಸರಿಗೆಂದೇ ಸಿಗುವ ದ್ರವ. ಹತ್ತಿ ಸುತ್ತಿದ ಕಿವಿಯ ಕಡ್ಡಿ ಬೇಡ, ಎಳೆ ಬಿಡುತ್ತದೆ. ಇಲ್ಲಿ ನಾನು ತಪ್ಪಿದೆ. ಎರಡು ಹನಿ ಸಾಕಿತ್ತು, ನಾಲ್ಕು ಹಾಕಿದೆ. ಸ್ವ್ಯಾಬ್ ಸ್ವಲ್ಪ ಓರೆ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಎಳೆದೆ, ತಿರುಗಿಸಿ ಇನ್ನೊಂದು ಮುಖದಿಂದ ಹಿಂದಕ್ಕೆ ತಂದೆ. ಫೋಟೋ ತೆಗೆದರೆ ಧೂಳು ಇಲ್ಲ, ಆದರೆ ಬಲ ಅಂಚಿನಲ್ಲಿ ಒಣಗಿದ ಗೆರೆ. ಎದೆ ಧಸಕ್ಕೆಂದಿತು, ಗೀರು ಬಿತ್ತೆಂದೇ ತಿಳಿದೆ. ಅದು ದ್ರವ ಒಣಗಿದ ಗುರುತಷ್ಟೇ. ಹೊಸ ಸ್ವ್ಯಾಬ್, ಎರಡೇ ಹನಿ, ಅರೆ ನಿಮಿಷ ಕಾದು ಮತ್ತೊಂದು ಎಳೆತ. ಗೆರೆ ಹೋಯಿತು. ಒಮ್ಮೆ ಬಳಸಿದ ಸ್ವ್ಯಾಬನ್ನು ಮತ್ತೆ ಮುಟ್ಟಲಿಲ್ಲ. ಅದರಲ್ಲಿ ಸಿಕ್ಕಿದ ಒಂದು ಮರಳಿನ ಕಣ ಸಾಕು ಗಾಜು ಗೀರಲು.

ವಾರದೊಳಗೆ ಎರಡು ಚುಕ್ಕೆ ಮರಳಿ ಬಂದವು. ಆಗ ಲೆನ್ಸಿನ ಹಿಂದಿನ ಮುಚ್ಚಳ ಬಿಚ್ಚಿ ಟಾರ್ಚ್ ಹಿಡಿದೆ: ಒಳಗೆ ಬಿಳಿ ಪುಡಿ. ಚೌಕಿಯಲ್ಲಿ (ವೇಷ ಕಟ್ಟುವ ಜಾಗದಲ್ಲಿ) ವೇಷಧಾರಿಗಳು ಬಣ್ಣ ಹಚ್ಚಿ ಮೇಲೆ ಪೌಡರ್ ಹೊಡೆಯುವ ಹೊತ್ತಿಗೆ, ಅವರ ಪಕ್ಕದಲ್ಲೇ ಕೂತು ನಾನು ಲೆನ್ಸ್ ಬದಲಿಸುತ್ತಿದ್ದೆ. ಆ ಗಾಳಿಯಲ್ಲಿ ತೆರೆದಿಟ್ಟ ಮುಚ್ಚಳ ಹಾಗೇ ಬ್ಯಾಗಿಗೆ ಹೋಗುತ್ತಿತ್ತು. ಮುಚ್ಚಳಗಳನ್ನು ತೊಳೆದು ಒಣಗಿಸಿದೆ, ಲೆನ್ಸ್ ಕೂರುವ ಲೋಹದ ಬಳೆಯನ್ನು ಒರೆಸಿದೆ, ಬ್ಯಾಗ್ ಕೊಡವಿದೆ. ಈಗ ಚೌಕಿಗೆ ಹೋಗುವ ಮೊದಲೇ ಲೆನ್ಸ್ ನಿರ್ಧರಿಸಿ ಹಾಕಿಕೊಂಡು ಹೋಗುತ್ತೇನೆ, ಆಟ ಮುಗಿಯುವವರೆಗೆ ಬಿಚ್ಚುವುದಿಲ್ಲ.

ಮರವಂತೆಯ ಫೋಟೋಗಳು ಹಾಳಾಗಲಿಲ್ಲ. ಕಲೆಗಳು ಎಲ್ಲದರಲ್ಲೂ ಒಂದೇ ಜಾಗದಲ್ಲಿದ್ದುದರಿಂದ ಒಂದರಲ್ಲಿ ಅಳಿಸಿ, ಅದೇ ತಿದ್ದುಪಡಿಯನ್ನು ಉಳಿದವಕ್ಕೂ ನಕಲಿಸಿದೆ. ಬಂದ ಎರಡು ಚುಕ್ಕೆಗಳಲ್ಲಿ ಒಂದು ಬ್ಲೋವರಿಗೇ ಹೋಯಿತು. ಇನ್ನೊಂದು ಮೂಲೆಯಲ್ಲಿದೆ, ಎಫ್/22ರಲ್ಲಿ ಹುಡುಕಿದರೆ ಮಾತ್ರ ಸಿಗುತ್ತದೆ. ಅದನ್ನು ಹಾಗೇ ಬಿಟ್ಟಿದ್ದೇನೆ.