ನಿಮ್ಮ ಮನೆತನದಲ್ಲೊಬ್ಬ ಬ್ರಿಟಿಷ್ ಆಫೀಸರ್ ಇದ್ದನೇ? ಹುಡುಕುವುದು ಹೀಗೆ

ನಮ್ಮ ಅಮ್ಮನ ಕಡೆಯವರು ಶ್ರೀರಂಗಪಟ್ಟಣದ ಗಂಜಾಂನವರು. ಅಜ್ಜಿ ಇದ್ದಾಗ ಕ್ರಿಸ್ಮಸ್‌ಗೆ ಎಲ್ಲರೂ ಸೇರಿದರೆ ಒಂದು ಮಾತು ಬಂದೇ ಬರುತ್ತಿತ್ತು. ನಮ್ಮ ಹಿರೀಕರಲ್ಲಿ ಒಬ್ಬ ಬಿಳಿ ಕರ್ನಲ್ ಇದ್ದನಂತೆ, ಟಿಪ್ಪುವಿನ ಮೇಲೆ ಯುದ್ಧಕ್ಕೆ ಬಂದವನಂತೆ, ಪಟ್ಟಣದಲ್ಲೇ ಸತ್ತನಂತೆ. ಹೆಸರು ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದರು. ನಾಲ್ಕು ವರ್ಷ ಹುಡುಕಿದ ಮೇಲೆ ಆತ ಸಿಕ್ಕಿದ. ಕರ್ನಲ್ ಅಲ್ಲ, ಲೆಫ್ಟಿನೆಂಟ್. ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ ಇಲ್ಲಿಗೆ ಬಂದವನು. ಮೈಸೂರು, ಮಂಡ್ಯ ಕಡೆ ಇಂಥ ಕಥೆ ಇಟ್ಟುಕೊಂಡಿರುವ ಮನೆಗಳು ಇನ್ನೂ ಇವೆ, ಅವರಿಗೆ ಉಪಯೋಗವಾಗಲಿ ಅಂತ ನಾನು ಕಲಿತದ್ದನ್ನು, ಎಡವಿದ ಜಾಗಗಳ ಸಮೇತ, ಬರೆಯುತ್ತಿದ್ದೇನೆ.

ಆಫೀಸರ್‌ನಿಂದ ಶುರು ಮಾಡಬೇಡಿ. ನಿಮ್ಮಿಂದ ಶುರು ಮಾಡಿ. ಅಮ್ಮ, ಅಜ್ಜಿ, ಅಜ್ಜಿಯ ತಾಯಿ, ಹೀಗೆ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ಪ್ರತಿ ಮೆಟ್ಟಿಲಿಗೂ ಒಂದು ಕಾಗದ ಇರಲಿ: ಜ್ಞಾನಸ್ನಾನದ (ಬ್ಯಾಪ್ಟಿಸಂ) ದಾಖಲೆಯೋ, ಮದುವೆಯದ್ದೋ, ಮಣ್ಣು ಮಾಡಿದ್ದರದ್ದೋ. ಚರ್ಚಿನ ಪುಸ್ತಕ ನೋಡಲು ಸಿಕ್ಕರೆ ಮಗುವಿನ ಹೆಸರು ಮಾತ್ರ ಬರೆದುಕೊಂಡು ಬರಬೇಡಿ. ಜ್ಞಾನತಂದೆ, ಜ್ಞಾನತಾಯಿ (ಗಾಡ್‌ಫಾದರ್, ಗಾಡ್‌ಮದರ್), ಮದುವೆಯ ಸಾಕ್ಷಿಗಳು, ಎಲ್ಲವನ್ನೂ ಬರೆದುಕೊಳ್ಳಿ. ಮುಂದೆ ದಾರಿ ತಪ್ಪಿದಾಗ ಆ ಹೆಸರುಗಳೇ ಕೈ ಹಿಡಿಯುತ್ತವೆ. ನಾನು ಮೊದಲ ವರ್ಷ ಪೂರ್ತಿ ಇದನ್ನು ಬಿಟ್ಟು, ಅಡ್ಡಹೆಸರು ಒಂದೇ ಇದೆ ಅಂತ ಯಾರೋ ಒಬ್ಬ ಕ್ಯಾಪ್ಟನ್ ಹಿಂದೆ ಹೋದೆ, ಲಂಡನ್ನಿನಿಂದ ದುಡ್ಡು ಕೊಟ್ಟು ಪ್ರತಿಗಳನ್ನೂ ತರಿಸಿದೆ. ಆತನಿಗೂ ನಮಗೂ ಸಂಬಂಧವೇ ಇರಲಿಲ್ಲ.

ಮನೆಯಲ್ಲಿ ಹಳೇ ಪೆಟ್ಟಿಗೆ ಇದ್ದರೆ ತೆಗೆದು ನೋಡಿ. ಬೈಬಲ್ಲಿನ ಮೊದಲ ಖಾಲಿ ಹಾಳೆಯಲ್ಲಿ ಹುಟ್ಟಿದ ದಿನ, ಸತ್ತ ದಿನ ಬರೆದಿಡುವ ರೂಢಿ ಇತ್ತು. ಪದಕ ಸಿಕ್ಕರಂತೂ ಅದೃಷ್ಟ. 1799ರ ಶ್ರೀರಂಗಪಟ್ಟಣದ ಯುದ್ಧಕ್ಕೆ ಕಂಪನಿ ಕೊಟ್ಟ ಪದಕದಲ್ಲಿ ಲೋಹವೇ ದರ್ಜೆ ಹೇಳುತ್ತದೆ. ಚಿನ್ನ ಅಂದರೆ ತುಂಬಾ ದೊಡ್ಡ ಅಧಿಕಾರಿ, ಚಿನ್ನದ ನೀರು ಕೊಟ್ಟ ಬೆಳ್ಳಿ ಮೇಜರ್ ಮಟ್ಟದವರಿಗೆ, ಬರೀ ಬೆಳ್ಳಿ ಕ್ಯಾಪ್ಟನ್ ಮತ್ತು ಅವನ ಕೆಳಗಿನ ಆಫೀಸರ್‌ಗಳಿಗೆ, ಕಂಚು ಹವಾಲ್ದಾರ್ ಥರದವರಿಗೆ, ತವರ ಸಾಮಾನ್ಯ ಸಿಪಾಯಿಗೆ. ಒಂದು ಕಡೆ ಸಿಂಹ ಹುಲಿಯನ್ನು ಕೆಡವಿರುವ ಚಿತ್ರ ಇರುತ್ತದೆ. ಯಾವ ಕಾರಣಕ್ಕೂ ಅದನ್ನು ಹುಣಸೆಹಣ್ಣು ಹಾಕಿ ಉಜ್ಜಬೇಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ. ಆತ ಯಾರ ಸೈನ್ಯದವನು? ನಾವು ಸುಮ್ನೆ ಬ್ರಿಟಿಷ್ ಸೈನ್ಯ ಅಂದುಬಿಡುತ್ತೇವೆ, ಆದರೆ ಅಲ್ಲಿ ಎರಡು ಸೈನ್ಯ ಇತ್ತು. ಒಂದು ಇಂಗ್ಲೆಂಡಿನ ರಾಜನ ಸೈನ್ಯ, ಅದರ ಪಟಾಲಂಗಳು ಕೆಲವು ವರ್ಷ ಇಲ್ಲಿದ್ದು ವಾಪಸ್ ಹೋಗುತ್ತಿದ್ದವು. ಆರ್ಥರ್ ವೆಲ್ಲೆಸ್ಲಿಯ 33ನೇ ರೆಜಿಮೆಂಟ್ ಅಂಥದ್ದು. ಇನ್ನೊಂದು ನಮ್ಮ ಹಿರಿಯರು ಕುಂಪಣಿ ಅನ್ನುತ್ತಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ. ನಮ್ಮ ಕಡೆಗೆ ಹೆಚ್ಚಾಗಿ ಬಂದದ್ದು ಅದರ ಮದ್ರಾಸ್ ಸೈನ್ಯ. ಅದರ ಆಫೀಸರ್ ಹದಿನಾರು ಹದಿನೇಳು ವರ್ಷಕ್ಕೆ ಹಡಗು ಹತ್ತಿ ಬಂದರೆ ಬದುಕೆಲ್ಲ ಇಲ್ಲೇ, ಎಷ್ಟೋ ಜನ ಸಾವೂ ಇಲ್ಲೇ. ಕಂಪನಿಯ ಯುರೋಪಿಯನ್ ಪಟಾಲಂಗಳು ರಾಣಿಯ ಸೈನ್ಯಕ್ಕೆ ಸೇರಿದ್ದು 1861ರ ಸುಮಾರಿಗೆ. ಅದಕ್ಕೂ ಹಿಂದಿನವನಾದರೆ ಇದೊಂದನ್ನು ತೀರ್ಮಾನ ಮಾಡಿಕೊಳ್ಳದೆ ಮುಂದೆ ಹೋಗಬೇಡಿ, ಯಾಕಂದರೆ ರಾಜನ ಸೈನ್ಯದ ಕಾಗದಗಳು ಲಂಡನ್ನಿನ ಕ್ಯೂನಲ್ಲಿರುವ ನ್ಯಾಷನಲ್ ಆರ್ಕೈವ್ಸ್‌ನಲ್ಲಿ, ಕಂಪನಿಯವು ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ದಾಖಲೆಗಳಲ್ಲಿ. ಒಬ್ಬನಿಗಾಗಿ ತಪ್ಪು ಕಟ್ಟಡದಲ್ಲಿ ಎಷ್ಟು ಹುಡುಕಿದರೂ ಆತ ಸಿಗುವುದಿಲ್ಲ.

ಮೂರನೆಯ ಸಾಧ್ಯತೆಯೂ ಇದೆ. ಅಡ್ಡಹೆಸರು ಫ್ರೆಂಚ್ ಥರ, ಜರ್ಮನ್ ಥರ ಕೇಳಿಸಿದರೆ ಡಿ ಮ್ಯೂರಾನ್ ರೆಜಿಮೆಂಟನ್ನು ನೆನಪಿಸಿಕೊಳ್ಳಿ. ಅದು ಸ್ವಿಸ್ ಪಟಾಲಂ. ಮೊದಲು ಡಚ್ಚರಿಗೆ ದುಡಿಯುತ್ತಿತ್ತು, 1795ರಲ್ಲಿ ಸಿಲೋನಿನಲ್ಲಿ ಬ್ರಿಟಿಷರ ಕಡೆ ಬಂತು, 1799ರಲ್ಲಿ ನಮ್ಮ ಕೋಟೆ ಮುತ್ತಿಗೆಯಲ್ಲಿತ್ತು.

ಆತ ಯಾರ ಸೈನ್ಯದವನು ಅಂತ ತಿಳಿಯಲು ಶ್ರೀರಂಗಪಟ್ಟಣದಲ್ಲೇ ಒಂದು ಒಳ್ಳೆಯ ಜಾಗ ಇದೆ, ಕಾವೇರಿ ದಡದ ಗ್ಯಾರಿಸನ್ (ದಂಡಿನವರ) ಸ್ಮಶಾನ. ಮೈಸೂರಿಗೆ ಹೋಗುವವರು ದರಿಯಾ ದೌಲತ್, ಗುಂಬಜ್ ನೋಡಿ ಹೊರಟುಬಿಡುತ್ತಾರೆ, ಇಲ್ಲಿಗೆ ಬರುವವರು ಕಡಿಮೆ. ಹೋಗುವುದಾದರೆ ಬೆಳಗ್ಗೆ ಬೇಗ ಹೋಗಿ. ಬಿಸಿಲು ಓರೆಯಾಗಿ ಬಿದ್ದಾಗ ಸವೆದ ಅಕ್ಷರ ಎದ್ದು ಕಾಣುತ್ತದೆ, ಮಧ್ಯಾಹ್ನ ಅದೇ ಕಲ್ಲು ಬೋಳಾಗಿ ಕಾಣುತ್ತದೆ. ನೆರಳಿದ್ದರೆ ಒಂದು ಕನ್ನಡಿ ಹಿಡಿದು ಪಕ್ಕದಿಂದ ಬೆಳಕು ಬಿಡಿ. ಸೀಮೆಸುಣ್ಣ ಹಚ್ಚಬೇಡಿ, ಪಾಚಿ ಕೆರೆಯಬೇಡಿ, ಇನ್ನೂರು ವರ್ಷ ಉಳಿದ ಅಕ್ಷರ ನಿಮ್ಮ ಕೈಯಲ್ಲಿ ಹೋಗುವುದು ಬೇಡ. ಪೂರ್ತಿ ಕಲ್ಲಿನದ್ದು ಒಂದು, ಹತ್ತಿರದಿಂದ ನಾಲ್ಕೈದು ಫೋಟೋ ಸಾಕು.

ಕಲ್ಲಿನ ಮೇಲೆ ಎಚ್.ಎಂ. ಅಂತ ಇದ್ದು ಪಕ್ಕದಲ್ಲಿ ರೆಜಿಮೆಂಟ್ ಸಂಖ್ಯೆ ಇದ್ದರೆ ರಾಜನ ಸೈನ್ಯ. ಎಚ್.ಇ.ಐ.ಸಿ.ಎಸ್. ಅಥವಾ ಎನ್.ಐ. ಇದ್ದರೆ ಕಂಪನಿ. ಎನ್.ಐ. ಅಂದರೆ ನೇಟಿವ್ ಇನ್‌ಫೆಂಟ್ರಿ, ಸಿಪಾಯಿಗಳು ನಮ್ಮವರು, ಆಫೀಸರ್‌ಗಳು ಅವರು. ಇನ್ನೊಂದು ಗಮನಿಸಿ, 1824ರಲ್ಲಿ ಈ ಪಟಾಲಂಗಳ ಸಂಖ್ಯೆಗಳನ್ನೆಲ್ಲ ಬದಲಿಸಿದರು, ಹಾಗಾಗಿ ಅದಕ್ಕೂ ಹಿಂದಿನ ಸಂಖ್ಯೆಯನ್ನು ಆಮೇಲಿನ ಪಟ್ಟಿಯಲ್ಲಿ ಹುಡುಕಿದರೆ ಬೇರೆ ಪಟಾಲಂ ಸಿಗುತ್ತದೆ. ಕಲ್ಲಿನಲ್ಲಿ ಕಂಡಕ್ಟರ್ ಅಂತ ಇದ್ದರೆ ಆತ ಮದ್ದುಗುಂಡು, ಸಾಮಾನು ಸರಂಜಾಮಿನ ಉಸ್ತುವಾರಿಯವನು, ಆಫೀಸರ್ ದರ್ಜೆಗಿಂತ ಕೆಳಗಿನವನು. ಮನೆಯ ಕಥೆಗಳಲ್ಲಿ ಇಂಥವರೇ ತಲೆಮಾರು ಕಳೆದಂತೆ ಬಡ್ತಿ ಪಡೆದು ಕರ್ನಲ್ ಆಗಿರುತ್ತಾರೆ. ಅದರಿಂದ ಬೇಜಾರಾಗಬೇಕಿಲ್ಲ, ಅವರ ದಾಖಲೆಗಳೂ ಸಿಗುತ್ತವೆ.

ಪಟ್ಟಣದಲ್ಲಿ ಕಲ್ಲು ಸಿಗದಿದ್ದರೆ ಪಾಂಡವಪುರ ನೋಡಿ. ಪಟ್ಟಣದ ಜ್ವರ ತಡೆಯಲಾರದೆ ದಂಡು ಬೆಂಗಳೂರಿಗೆ ಹೋಯಿತು, ಆದರೆ ಪಾಂಡವಪುರದಲ್ಲಿ ಸಿಪಾಯಿ ಪಟಾಲಂ ಆಮೇಲೂ ತುಂಬಾ ಕಾಲ ಇತ್ತು. ಅವರ ಕಾಗದಗಳಲ್ಲಿ ಪಾಂಡವಪುರ ಅಂತ ಹುಡುಕಿದರೆ ಏನೂ ಬರಲ್ಲ. ಫ್ರೆಂಚ್ ರಾಕ್ಸ್ ಅಂತ ಹುಡುಕಬೇಕು. ಶ್ರೀರಂಗಪಟ್ಟಣಕ್ಕೆ ಸೆರಿಂಗಪಟಂ, ಹುಣಸೂರಿಗೆ ಹೂನ್ಸೂರ್. ಅವರು ಬರೆದ ಹಾಗೆ ಬರೆದರೆ ಮಾತ್ರ ಉತ್ತರ ಬರುತ್ತದೆ.

ಊರಿನ ಕಥೆಗಳನ್ನು ಕೇಳಿ, ಆದರೆ ಕೈಗೆ ಕಾಗದ ಬರುವವರೆಗೆ ನಂಬಬೇಡಿ. ಶ್ರೀರಂಗಪಟ್ಟಣದ ಸ್ಕಾಟ್ ಬಂಗಲೆಯ ಕಥೆ ಈ ಕಡೆ ಎಲ್ಲರಿಗೂ ಗೊತ್ತು, ಕಾಲರಾ ಬಂದು ಹೆಂಡತಿ ಮಕ್ಕಳು ಒಟ್ಟಿಗೆ ಸತ್ತರು, ದುಃಖ ತಡೆಯದೆ ಕರ್ನಲ್ ಹೊಳೆಗೆ ಹಾರಿದ ಅಂತ. ಕೇಳಿದರೆ ಈಗಲೂ ಹೊಟ್ಟೆಯೊಳಗೆ ಸಂಕಟವಾಗುತ್ತದೆ. ಆದರೆ ಇಂಥ ಕಥೆ ನಿಮ್ಮ ಮನೆಯದ್ದಾದರೆ ಒಬ್ಬೊಬ್ಬರ ಸಾವನ್ನೂ ಬೇರೆ ಬೇರೆಯಾಗಿ ದಾಖಲೆಯಲ್ಲಿ ನೋಡಬೇಕು.

ಆ ದಾಖಲೆ ಎಲ್ಲಿದೆ? ಇಲ್ಲಿನ ಪಾದ್ರಿಗಳು ಬರೆದ ಹುಟ್ಟು, ಮದುವೆ, ಸಾವಿನ ವಿವರಗಳ ಪ್ರತಿ ಮದ್ರಾಸಿನ ಮೂಲಕ ಲಂಡನ್ನಿಗೆ ಹೋಗುತ್ತಿತ್ತು. ಮದ್ರಾಸ್ ಪ್ರಾಂತ್ಯದ್ದು ಬ್ರಿಟಿಷ್ ಲೈಬ್ರರಿಯಲ್ಲಿ ಎನ್/2 ಅನ್ನುವ ಸರಣಿ, 1698ರಿಂದ ಶುರು. ಅದರ ದೊಡ್ಡ ಭಾಗ ಈಗ ವಂಶಾವಳಿ ಹುಡುಕುವ ಜಾಲತಾಣ ಫೈಂಡ್‌ಮೈಪಾಸ್ಟ್‌ನಲ್ಲಿದೆ, ಚಂದಾ ಕಟ್ಟಬೇಕು. ನನ್ನ ಸಲಹೆ, ಮೊದಲು ಪುಕ್ಕಟೆ ಇರುವುದನ್ನು ಮುಗಿಸಿ. ಫಿಬಿಸ್ ಅಂತ ಒಂದು ಸಂಘ ಇದೆ, ಬ್ರಿಟಿಷ್ ಭಾರತದ ಕುಟುಂಬಗಳಿಗಾಗಿಯೇ ಇರುವುದು. ಅವರ ಸೂಚಿಯಲ್ಲಿ ಯಾರು ಬೇಕಾದರೂ ಹೆಸರು ಹುಡುಕಬಹುದು. ಇನ್ನೊಂದು ಜಾಲತಾಣ ಫ್ಯಾಮಿಲಿಸರ್ಚ್‌ನಲ್ಲಿ ಖಾತೆ ತೆರೆದರೆ ಸಾಕು. ಇವೆರಡರಲ್ಲೂ ಸಿಕ್ಕಿದ ದಿನಾಂಕ ಹಿಡಿದುಕೊಂಡು ಹೋಗಿ ಒಂದೇ ತಿಂಗಳ ಚಂದಾ ಕಟ್ಟಿ, ಮೂಲ ಹಾಳೆಯ ಚಿತ್ರ ಇಳಿಸಿಕೊಳ್ಳಿ. ಸೂಚಿಯಲ್ಲಿ ಇಲ್ಲದ ಎಷ್ಟೋ ವಿಷಯ ಮೂಲ ಹಾಳೆಯ ಅಂಚಿನಲ್ಲಿರುತ್ತದೆ.

ನೌಕರಿಯ ವಿವರ ಹುಡುಕುವುದು ಅಷ್ಟು ಕಷ್ಟವಲ್ಲ. ರಾಜನ ಸೈನ್ಯದವನಾದರೆ ಆರ್ಮಿ ಲಿಸ್ಟ್, ಅಂದರೆ ಆಫೀಸರ್‌ಗಳ ಹೆಸರಿನ ಅಚ್ಚಾದ ಪಟ್ಟಿ ನೋಡಿ. ಸ್ಕಾಟ್ಲೆಂಡಿನ ನ್ಯಾಷನಲ್ ಲೈಬ್ರರಿ ಹಳೇ ಪಟ್ಟಿಗಳನ್ನು ಪುಕ್ಕಟೆ ಇಟ್ಟಿದೆ. ನೇಮಕ, ಬಡ್ತಿ ಎಲ್ಲ ಲಂಡನ್ ಗೆಜೆಟ್‌ನಲ್ಲಿ ಸಿಗುತ್ತದೆ, ಅದೂ ಪುಕ್ಕಟೆ. ಕ್ಯೂನಲ್ಲಿ ಡಬ್ಲ್ಯೂ.ಓ. (ವಾರ್ ಆಫೀಸ್) 25 ಮತ್ತು 76 ಅನ್ನುವ ಸರಣಿಗಳು ಆಫೀಸರ್‌ಗಳ ಸೇವಾ ದಾಖಲೆಗಳು. 1829ರ ಸುಮಾರಿಗೆ ಅವರಿಂದ ಮದುವೆ, ಮಕ್ಕಳ ವಿವರವನ್ನೂ ಬರೆಸಿಕೊಂಡಿದ್ದರು. ಕಂಪನಿಯವನಾದರೆ ಕೆಡೆಟ್ ಪೇಪರ್ಸ್ ನೋಡಿ, 1789ರಿಂದ ಇವೆ, ಸರಣಿಯ ಹೆಸರು ಎಲ್/ಎಂಐಎಲ್/9. ಹುಡುಗ ಸೇರುವಾಗ ಕೊಟ್ಟ ಜ್ಞಾನಸ್ನಾನದ ಪತ್ರ ಅದರಲ್ಲಿರುತ್ತದೆ, ಅಂದರೆ ಆತನ ಊರು, ಅಪ್ಪ ಅಮ್ಮ ಎಲ್ಲ ಒಂದೇ ಕಡೆ.

ಇಷ್ಟಕ್ಕೇ ಎಷ್ಟೋ ಜನ ನಿಲ್ಲಿಸಿಬಿಡುತ್ತಾರೆ. ದೊರೆ ಸಿಕ್ಕ, ಇಂಗ್ಲೆಂಡಿನ ಊರು ಸಿಕ್ಕಿತು, ಮುಗಿಯಿತು ಅಂತ. ಆದರೆ ನಾವು ಆತನೊಬ್ಬನ ವಂಶವಲ್ಲ, ಅಲ್ವಾ? ಇಲ್ಲಿ ಒಬ್ಬ ತಾಯಿ ಇದ್ದಳು. ಅವಳನ್ನು ಹುಡುಕದಿದ್ದರೆ ಅರ್ಧ ಕೆಲಸವೂ ಆಗಿಲ್ಲ ಅಂತ ನನ್ನ ಗಟ್ಟಿಯಾದ ಅಭಿಪ್ರಾಯ.

ಕಷ್ಟವೂ ಇಲ್ಲೇ ಇದೆ. ಜ್ಞಾನಸ್ನಾನದ ಪುಸ್ತಕದಲ್ಲಿ ಅಪ್ಪನ ಹೆಸರು, ದರ್ಜೆ, ಪಟಾಲಂ ಎಲ್ಲ ಬರೆದು, ತಾಯಿಯ ಜಾಗದಲ್ಲಿ ಎಷ್ಟೋ ಸಲ ನೇಟಿವ್ ಹೆಂಗಸು ಅಂತ ಎರಡು ಪದ ಬರೆದು ಬಿಟ್ಟಿರುತ್ತಾರೆ, ಅದೂ ಇಲ್ಲದೆ ಖಾಲಿ ಬಿಟ್ಟದ್ದೂ ಉಂಟು. ಮಗುವಿನ ಹೆಸರಿನ ಮುಂದೆ ನ್ಯಾಚುರಲ್ ಸನ್, ನ್ಯಾಚುರಲ್ ಡಾಟರ್ ಅಂತ ಇದ್ದರೆ ಚರ್ಚಿನಲ್ಲಿ ಮದುವೆ ಆಗಿರಲಿಲ್ಲ ಅಂತ ಅರ್ಥ. ಮೊದಲ ಸಲ ಆ ಹಾಳೆ ನೋಡಿದಾಗ ನನಗೆ ಸಿಟ್ಟೂ ಬಂತು, ಅಳುವೂ ಬಂತು. ಮಕ್ಕಳ ಪಾಡೂ ಸುಲಭ ಇರಲಿಲ್ಲ. 1791ರಿಂದ ಕಂಪನಿ ಭಾರತೀಯ ತಾಯಂದಿರ ಮಕ್ಕಳನ್ನು ಆಫೀಸರ್ ಕೆಲಸಕ್ಕೆ ತೆಗೆದುಕೊಳ್ಳುವುದನ್ನು ನಿಲ್ಲಿಸಿತು, 1795ರಲ್ಲಿ ಸೈನ್ಯದಲ್ಲಿ ಅವರಿಗೆ ಉಳಿಸಿದ್ದು ವಾದ್ಯ ಬಾರಿಸುವುದು, ಕುದುರೆಗೆ ಲಾಳ ಹೊಡೆಯುವುದು, ಇಂಥವು. ಹಾಗಾಗಿ ಮಗನನ್ನು ಹುಡುಕುವಾಗ ಆಫೀಸರ್ ಪಟ್ಟಿಯಲ್ಲಲ್ಲ, ಬ್ಯಾಂಡಿನವರ ನಡುವೆ, ಮದ್ರಾಸಿನ ಮಿಲಿಟರಿ ಅನಾಥಾಲಯದ ಮಕ್ಕಳ ನಡುವೆ ಹುಡುಕಿ.

ತಾಯಿಯ ಹೆಸರು ಸಿಗುವ ಜಾಗ ಉಯಿಲು. ಸಾವು ಯಾವಾಗ ಬರುತ್ತದೋ ಗೊತ್ತಿಲ್ಲದ ಊರಲ್ಲಿ ಚಿಕ್ಕ ವಯಸ್ಸಿನವರೂ ಉಯಿಲು ಬರೆಯುತ್ತಿದ್ದರು. ಇವು ಬ್ರಿಟಿಷ್ ಲೈಬ್ರರಿಯಲ್ಲಿ ಎಲ್/ಎಜಿ/34 ಸರಣಿಯಲ್ಲಿವೆ. ಸತ್ತವನ ಸಾಮಾನಿನ ಪಟ್ಟಿಯೂ ಅದರಲ್ಲೇ. ಕುದುರೆ, ಮೇಜು, ಪುಸ್ತಕ, ಹರಿದ ಅಂಗಿ, ಒಂದೊಂದನ್ನೂ ಹರಾಜು ಹಾಕಿ ಯಾರು ಎಷ್ಟಕ್ಕೆ ಕೊಂಡರು ಅಂತ ಬರೆದಿಟ್ಟಿದ್ದಾರೆ. ನಮ್ಮ ಲೆಫ್ಟಿನೆಂಟ್‌ನ ಉಯಿಲಿನಲ್ಲಿ ಮಗಳ ತಾಯಿಗೆ ತಿಂಗಳು ತಿಂಗಳು ಇಷ್ಟು ಹಣ ಕೊಡಬೇಕು ಅಂತ ಒಂದು ಸಾಲು ಇತ್ತು, ಅದರಲ್ಲಿ ಅವಳ ಹೆಸರಿತ್ತು.

ಆ ಹೆಸರು ಮೊದಲಿಗೆ ಅರ್ಥವೇ ಆಗಲಿಲ್ಲ. ಗುಮಾಸ್ತ ಕಿವಿಗೆ ಬಿದ್ದ ಹಾಗೆ ಇಂಗ್ಲಿಷಿನಲ್ಲಿ ಬರೆದದ್ದು. ಇಂಥದ್ದು ಸಿಕ್ಕರೆ ಕಣ್ಣಲ್ಲಿ ಓದಬೇಡಿ, ಬಾಯಿಬಿಟ್ಟು ಓದಿ, ನಮ್ಮ ಕಡೆಯ ಹೆಸರು ಹೇಳಿ ಅಭ್ಯಾಸ ಇರುವ ಹಿರಿಯರ ಹತ್ತಿರ ಓದಿಸಿ. ಚಿನಾಮಾ ಅಂತ ಇದ್ದರೆ ಚಿನ್ನಮ್ಮ ಇರಬಹುದು, ಮೂಟೂ ಅಂದರೆ ಮುತ್ತು ಇರಬಹುದು. ನಾನು ಅಮ್ಮನ ಮುಂದೆ ಕೂತು ನಾಲ್ಕೈದು ಥರ ಹೇಳಿ ನೋಡಿದೆ. ಐದನೇ ಸಲಕ್ಕೆ ಅಮ್ಮ ಕೈಯಲ್ಲಿದ್ದ ಸೊಪ್ಪು ಕೆಳಗಿಟ್ಟು, ಇದು ನಮ್ಮ ಅಜ್ಜಿಯ ಹೆಸರು ಕಣೇ, ಅವರಿಗೆ ಯಾರದ್ದೋ ಹೆಸರಿಟ್ಟಿದ್ದು ಅಂತಿದ್ದರು ಅಂದರು.